ಕಿಸೆಯಲ್ಲಿ ಹಿಡಿಯುವ ಆರ್‌ಪಿಜಿ: ಒಬ್ಬರೇ ಆಡಲು ಒಂದು ಹಾಳೆ, ಒಂದು ಕಾರ್ಡು, ಮೂರು ದಾಳ

ಆರ್‌ಪಿಜಿ ಎಂದರೆ ಒಂದು ಪಾತ್ರ ವಹಿಸಿ ದಾಳದ ನೆರವಿನಿಂದ ಕತೆ ಕಟ್ಟುವ ಆಟ. ಒಬ್ಬರೇ ಕೂತು ಆಡುವ ಆರ್‌ಪಿಜಿಯಲ್ಲಿ ಕತೆ ನಡೆಸಿಕೊಡುವ ಗೇಮ್ ಮಾಸ್ಟರ್ ಇರುವುದಿಲ್ಲ. ಬಾಗಿಲ ಆಚೆ ಯಾರಿದ್ದಾರೆ, ಅಂಬಿಗ ಸುಳ್ಳು ಹೇಳುತ್ತಿದ್ದಾನೆಯೇ ಎಂಬುದನ್ನೆಲ್ಲ ದಾಳ ಹೇಳಬೇಕು. ಅದು ಹೇಳಿದ್ದನ್ನು ಕತೆಗೆ ಹೊಂದಿಸಿಕೊಳ್ಳುವ ಕೆಲಸ ನಮ್ಮದು. ಇದು ಇತ್ತೀಚಿನ ಖಯಾಲಿಯೇನೂ ಅಲ್ಲ. ಈ ಬಗೆಯ ಆಟಗಳಿಗೆ ನಾಂದಿ ಹಾಡಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಅದರ ಬೆನ್ನಿಗೇ ಬಂದ ಟನಲ್ಸ್ ಅಂಡ್ ಟ್ರೋಲ್ಸ್ ಆಟಕ್ಕೆ 1976ರಲ್ಲೇ ಒಬ್ಬರೇ ಆಡುವ ಸಾಹಸ ಅಚ್ಚಾಗಿತ್ತು.

ಈ ಟಿಪ್ಪಣಿಗೆ ಶಾನ್ ಟಾಮ್‌ಕಿನ್ ಅವರ ಐರನ್‌ಸ್ವಾರ್ನ್ (2018) ಆಟವನ್ನು ಆರಿಸಿದೆ. ಅದರ ಪಿಡಿಎಫ್ ಉಚಿತ. ಒಬ್ಬರೇ ಆಡಲೆಂದೂ ಕಟ್ಟಿದ ಆಟ, ಬೇಕಾಗುವುದು ಮೂರೇ ದಾಳ. ಬೇರೆ ಆಟ ಆಡುವವರಿಗೂ ಇಲ್ಲಿನ ಹಾಳೆ, ಕಾರ್ಡು, ಡಬ್ಬಿ ಹೊಂದುತ್ತವೆ, ಅಂಕಿಗಳನ್ನಷ್ಟೇ ಬದಲಿಸಿಕೊಳ್ಳಬೇಕು.

ಮೊದಲೇ ಒಂದು ಮಾತು. ಸಾಮಾನು ಚಿಕ್ಕದಾಗಿರುವುದು ಕಷ್ಟದ ಕೆಲಸವಲ್ಲ. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಊಟದ ಬಿಡುವಿನಲ್ಲಿ ಆಡುವ ಆಟ ಯಾವ ಕ್ಷಣದಲ್ಲಾದರೂ ನಿಲ್ಲುತ್ತದೆ, ಮತ್ತೆ ಹಿಡಿಯುವ ಹೊತ್ತಿಗೆ ನಾಲ್ಕು ದಿನ ಆಗಿರುತ್ತದೆ. ಆಟ ಕೈಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಎಲ್ಲಿಗೆ ನಿಲ್ಲಿಸಿದ್ದೆವೆಂದು ತಿಳಿಯದೆ. ಹಾಗಾಗಿ ಕೆಳಗಿನ ಪ್ರತಿಯೊಂದು ವಸ್ತುವನ್ನೂ ಒಂದೇ ಪ್ರಶ್ನೆಯಿಂದ ಅಳೆದಿದೆ: ನಡುವೆ ಎದ್ದು ಹೋದರೆ ಇದು ಏನನ್ನು ಉಳಿಸಿಕೊಡುತ್ತದೆ?

ದಾಳದ ಲೆಕ್ಕ

ಆರು ಮುಖದ ದಾಳ ಒಂದು, ಹತ್ತು ಮುಖದವು ಎರಡು. ಆರರ ದಾಳಕ್ಕೆ ಪಾತ್ರದ ಗುಣವನ್ನು ಕೂಡಿಸಿ. ಐದು ಗುಣಗಳಿಗೆ 3, 2, 2, 1, 1 ಎಂದು ಹಂಚಿರುತ್ತೀರಿ. ಮೊತ್ತ ಎರಡೂ ಹತ್ತರ ದಾಳಗಳಿಗಿಂತ ಹೆಚ್ಚಿದ್ದರೆ ಪೂರ್ಣ ಗೆಲುವು, ಒಂದನ್ನು ಮಾತ್ರ ದಾಟಿದರೆ ಅರೆ ಗೆಲುವು, ಎರಡನ್ನೂ ದಾಟದಿದ್ದರೆ ಸೋಲು. ಸಮ ಬಂದರೆ ದಾಟಿದಂತಲ್ಲ. ಹೊಸಬರು ಹೆಚ್ಚು ತಪ್ಪುವುದು ಇಲ್ಲೇ. ಹತ್ತರ ದಾಳದಲ್ಲಿ 0 ಎಂದರೆ 10.

ಗುಣ 1 ಇದ್ದರೆ ಪೂರ್ಣ ಗೆಲುವಿನ ಸಾಧ್ಯತೆ ಸುಮಾರು 15%, ಸೋಲು 45%. ಗುಣ 2 ಆದರೆ 23% ಮತ್ತು 33%. ಗುಣ 3 ಆದರೆ ಅದೇ ತಿರುಗಿ 33% ಮತ್ತು 23%. ಉಳಿದದ್ದು, ಅಂದರೆ 40ರಿಂದ 44%, ಅರೆ ಗೆಲುವು. ಕೆಲಸ ಆಗುತ್ತದೆ, ಆದರೆ ಏನಾದರೂ ತೆರಬೇಕು: ಒಂದು ಆರೋಗ್ಯ, ಒಂದು ಧೈರ್ಯ, ಒಂದು ಬುತ್ತಿ ಅಥವಾ ಒಂದು ಓಘ (ಕತೆ ನಿಮ್ಮ ಕಡೆಗೆ ಹರಿಯುವ ಬಲ, ಇಂಗ್ಲಿಷಿನ ಮೊಮೆಂಟಮ್). ಹತ್ತು ಸಲ ಎಸೆದರೆ ನಾಲ್ಕು ಸಲವಾದರೂ ಯಾವುದೋ ಒಂದು ಅಂಕಿ ಅಲ್ಲಾಡುತ್ತದೆ ಎಂದಾಯಿತು. ಅದನ್ನು ಪೆನ್ಸಿಲಿನಲ್ಲಿ ಬರೆದು ಅಳಿಸುತ್ತ ಹೋದರೆ 70 ಜಿಎಸ್‌ಎಂ ಜೆರಾಕ್ಸ್ ಹಾಳೆ ವಾರದೊಳಗೆ ತೂತಾಗುತ್ತದೆ. ಅದಕ್ಕೇ ಕಾರ್ಡು: ಅದರ ಅಂಚಿಗೆ ಸಿಕ್ಕಿಸಿದ ಜೆಮ್ ಕ್ಲಿಪ್ಪು ಸರಿಸಿ ಅಂಕಿ ತೋರಿಸುವುದು.

ನಾಲ್ಕು ಅಂಚಿನ ಕಾರ್ಡು

3×5 ಇಂಚಿನ ದಪ್ಪ ಕಾರ್ಡು ತೆಗೆದುಕೊಳ್ಳಿ, ಅಂದರೆ 76×127 ಮಿ.ಮೀ. ಅಂಗಡಿಯಲ್ಲಿ ಸಿಗದಿದ್ದರೆ ಹಳೆಯ ಲಗ್ನಪತ್ರಿಕೆಯ ಖಾಲಿ ಬದಿಯಿಂದ ಕತ್ತರಿಸಬಹುದು, ಒಂದೇ ಪದರ ಸಾಕು. ಎರಡು ಪದರ ಅಂಟಿಸಿದರೆ ಕ್ಲಿಪ್ಪಿನ ಬಾಯಿ ಅಗಲವಾಗಿ ಆಮೇಲೆ ಹಿಡಿತವೇ ಇರುವುದಿಲ್ಲ. ಆಟದಲ್ಲಿ ಏರಿಳಿಯುವ ಅಂಕಿ ನಾಲ್ಕು, ಕಾರ್ಡಿಗೆ ಅಂಚೂ ನಾಲ್ಕು.

ಮೇಲಿನ ಉದ್ದ ಅಂಚು ಓಘಕ್ಕೆ. ಅದು −6ರಿಂದ +10ರವರೆಗೆ ಓಡಾಡುತ್ತದೆ, ಅಂದರೆ 17 ಮನೆ. ಮನೆಗೆ 7 ಮಿ.ಮೀ. ಕೊಟ್ಟರೆ 119 ಮಿ.ಮೀ., ಎರಡೂ ಕಡೆ 4 ಮಿ.ಮೀ. ಉಳಿಯುತ್ತದೆ. ಶುರುವಾಗುವುದು +2ರಿಂದ, ಆ ಮನೆಗೆ ಮಾತ್ರ ಬಣ್ಣ ಹಚ್ಚಿ. ಎರಡು ಗಿಡ್ಡ ಅಂಚುಗಳು ಆರೋಗ್ಯಕ್ಕೆ ಮತ್ತು ಧೈರ್ಯಕ್ಕೆ: 0ರಿಂದ 5, ಆರು ಮನೆ, ತಲಾ 12 ಮಿ.ಮೀ. ಕೆಳಗಿನ ಉದ್ದ ಅಂಚಿನ ನಟ್ಟನಡುವೆ ಬುತ್ತಿ, ಅದೇ ಆರು ಮನೆ. ನಡುವೆಯೇ ಬರಲಿ, ಏಕೆಂದರೆ ಸಾಧಾರಣ ಜೆಮ್ ಕ್ಲಿಪ್ 28 ಮಿ.ಮೀ. ಉದ್ದ. ಮೂಲೆಗೆ ತಳ್ಳಿದರೆ ಪಕ್ಕದ ಅಂಚಿನ ಕ್ಲಿಪ್ಪಿನ ಮೇಲೆ ಏರಿ ಎರಡೂ ಜಾರುತ್ತವೆ. ಓಘದ ಕ್ಲಿಪ್ ಮೂಲೆಗೆ ಹೋಗಲೇಬೇಕಾಗುತ್ತದೆ. ಅದನ್ನು ಅರ್ಧ ಮಾತ್ರ ತೂರಿಸಿ.

ಓಘವನ್ನು ಇಷ್ಟು ಜತನದಿಂದ ಗುರುತಿಸಲು ಕಾರಣವಿದೆ. ಎಸೆದದ್ದು 4, ಗುಣ 2, ಮೊತ್ತ 6. ಎದುರಿಗೆ 3 ಮತ್ತು 8. ಅರೆ ಗೆಲುವು. ಆದರೆ ಓಘ 9ರಲ್ಲಿದ್ದರೆ ಅದನ್ನು ಸುಟ್ಟು, ಅದಕ್ಕಿಂತ ಚಿಕ್ಕದಾದ 8ನ್ನು ಅಳಿಸಿಹಾಕಬಹುದು. ಆಗ ಪೂರ್ಣ ಗೆಲುವು, ಕ್ಲಿಪ್ ಮತ್ತೆ +2ಕ್ಕೆ ಬರುತ್ತದೆ. ಅಂಕಿ ಕಣ್ಣೆದುರು ಇಲ್ಲದಿದ್ದರೆ ಈ ಅವಕಾಶ ನೆನಪಿಗೇ ಬರುವುದಿಲ್ಲ, ಆಮೇಲೆ ಆಟ ಕ್ರೂರ ಎಂಬ ದೂರು.

ಎಂಟು ಪುಟದ ಮಡಿಕೆ

ನಿಯಮದ ಸಾರಾಂಶ, ಪದಪಟ್ಟಿ, ಪಾತ್ರಗಳ ಪಟ್ಟಿ ಎಲ್ಲವೂ ಒಂದು ಎ4 ಹಾಳೆಯಲ್ಲಿ ಹಿಡಿಯುತ್ತದೆ. ಮೊದಲು ಉದ್ದ ಅಂಚುಗಳು ಕೂಡುವಂತೆ ಮಡಚಿ, ಗೆರೆ ಮೂಡಿಸಿ, ಬಿಡಿಸಿ. ಈಗ ಗಿಡ್ಡ ಅಂಚುಗಳು ಕೂಡುವಂತೆ ಮಡಚಿ. ಅದೇ ದಿಕ್ಕಿನಲ್ಲಿ ಇನ್ನೊಮ್ಮೆ ಮಡಚಿ, ಈ ಎರಡನೆಯದನ್ನು ಮಾತ್ರ ಬಿಡಿಸಿ. ಕೈಯಲ್ಲಿ ಅರ್ಧ ಹಾಳೆಯಷ್ಟು ಅಗಲದ ಎರಡು ಪದರ ಇರುತ್ತದೆ: ಒಂದು ಕಡೆ ಮಡಿಕೆ, ಇನ್ನೊಂದು ಕಡೆ ತೆರೆದ ಅಂಚು. ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ 74 ಮಿ.ಮೀ. ಕತ್ತರಿಸಿ, ಎದುರಾಗುವ ಅಡ್ಡಗೆರೆಗೆ ನಿಲ್ಲಿಸಿ. ತೆರೆದ ಅಂಚಿನಿಂದ ಕತ್ತರಿಸಿದರೆ ಪುಸ್ತಕವಾಗುವುದಿಲ್ಲ, ಹಾಳೆ ಹಾಳು. ಪೂರ್ತಿ ಬಿಡಿಸಿ, ಮತ್ತೆ ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ನೂಕಿದರೆ ನಡುವಿನ ಸೀಳು ಬಾಯಿಬಿಟ್ಟು ನಾಲ್ಕು ರೆಕ್ಕೆಯಾಗುತ್ತದೆ. ಸುತ್ತಿ ಒತ್ತಿದರೆ 74×105 ಮಿ.ಮೀ. ಪುಸ್ತಿಕೆ.

ಪುಟಸಂಖ್ಯೆಯನ್ನು ಮಡಚಿದ ಮೇಲೆ ಹಾಕಿ, ಬರೆಯುವುದನ್ನು ಬಿಡಿಸಿದ ಮೇಲೆ ಬರೆಯಿರಿ. ಬಿಡಿಸಿದಾಗ ಒಂದು ಸಾಲಿನ ಪುಟಗಳು ತಲೆಕೆಳಗಾಗಿರುತ್ತವೆ, ಅದು ಸರಿಯಾಗಿಯೇ ಇದೆ. ಹಿಂಬದಿ ಇಡೀ ಎ4 ಖಾಲಿ ಉಳಿಯಿತಲ್ಲ, ಅದು ನಕ್ಷೆಗೆ. ಸೀಳಿರುವ ಕಡೆ ಒಂದು ಹೊಳೆ ಬರೆದುಬಿಟ್ಟರೆ ಸೀಳು ಕಾಣುವುದಿಲ್ಲ!

ಪುಟ 1ರಲ್ಲಿ ಹೆಸರು, ಗುಣ, ತೊಟ್ಟ ಶಪಥ. 2ರಲ್ಲಿ ಮೇಲಿನ ಗೆಲುವು-ಸೋಲಿನ ಸಾರ, 3ರಲ್ಲಿ ಕಣಿಯ, ಅಂದರೆ ದಾಳವನ್ನು ಹೌದು-ಇಲ್ಲ ಎಂದು ಕೇಳುವ ಕ್ರಮದ, ಅಂಕಿಗಳು. 4 ಮತ್ತು 5 ಕತೆಗೆ ಸುಳಿವು ಕೊಡುವ ಪದಪಟ್ಟಿಗೆ. 6ರಲ್ಲಿ ಎದುರಾದ ಜನ, ಸರಿಯಾಗಿ ಆರೇ ಸಾಲು. ಯಾರು ಬಂದರು ಎಂದು ತಿಳಿಯಬೇಕಾದಾಗ ಆರರ ದಾಳ ಎಸೆದರಾಯಿತು, ಖಾಲಿ ಸಾಲು ಬಂದರೆ ಹೊಸಬರು. 7ರಲ್ಲಿ ಮುಗಿಯದ ಕೆಲಸಗಳು, ಮೂರಕ್ಕಿಂತ ಹೆಚ್ಚು ಬೇಡ. 8 ಖಾಲಿ ಬಿಡಿ, ಖಂಡಿತ ಬೇಕಾಗುತ್ತದೆ.

ಪದಪಟ್ಟಿ: ಕನ್ನಡದಲ್ಲೇ ಇರಲಿ

ಆರರ ದಾಳವನ್ನು ಎರಡು ಸಲ ಎಸೆದು, ಮೊದಲನೆಯದನ್ನು ಹತ್ತರ ಸ್ಥಾನ, ಎರಡನೆಯದನ್ನು ಬಿಡಿ ಸ್ಥಾನ ಎಂದು ಓದಿದರೆ 11ರಿಂದ 66ರವರೆಗೆ 36 ಉತ್ತರ. ಒಂದು ಪುಟದಲ್ಲಿ ಎರಡು ಕಂಬ, ಕಂಬಕ್ಕೆ 18 ಸಾಲು, ಸಾಲಿಗೆ 5 ಮಿ.ಮೀ. ಎಂದರೆ 90 ಮಿ.ಮೀ. ಹಿಡಿಯುತ್ತದೆ. ಆದರೆ 5 ಮಿ.ಮೀ. ಸಾಲಿನಲ್ಲಿ ಒತ್ತಕ್ಷರಕ್ಕೆ ಜಾಗ ಸಾಲದು, ಕೆಳಗಿನ ಪದದ ತಲೆಕಟ್ಟಿಗೆ ತಗಲುತ್ತದೆ. ಒತ್ತು ಇರುವ ಪದಗಳನ್ನು ಒಂದರ ಕೆಳಗೊಂದು ಬರದಂತೆ ಹರಡಿ.

ನಾಲ್ಕನೆಯ ಪುಟಕ್ಕೆ ಕ್ರಿಯಾಪದ, ಐದಕ್ಕೆ ನಾಮಪದ. ಇಂಗ್ಲಿಷ್ ಪಟ್ಟಿಯನ್ನು ಅನುವಾದಿಸಲು ಹೋದವರಿಗೆ ‘ರಕ್ಷಣೆ’, ‘ವಿಶ್ವಾಸದ್ರೋಹ’ದಂಥ ಭಾರದ ಪದಗಳು ಬಂದು ಕೂರುತ್ತವೆ, ಒಂದಕ್ಕೆ ಒಂದೇ ಅರ್ಥ. ಕಣಿಗೆ ಬೇಕಾಗಿರುವುದು ನಾಲ್ಕು ಕಡೆಗೆ ಎಳೆಯುವ ಪದ. ಆ ವಿಷಯದಲ್ಲಿ ಕನ್ನಡದ ಎರಡಕ್ಷರದ ಕ್ರಿಯಾಪದಗಳ ಮುಂದೆ ಯಾವುದೂ ಇಲ್ಲ. ‘ಕಟ್ಟು’ ತೆಗೆದುಕೊಳ್ಳಿ: ಮನೆ ಕಟ್ಟಬಹುದು, ಮೂಟೆ ಕಟ್ಟಬಹುದು, ದಂಡ ಕಟ್ಟಬಹುದು, ಹಸು ಕಟ್ಟಬಹುದು, ಕತೆ ಕಟ್ಟಬಹುದು, ಉಸಿರೂ ಕಟ್ಟಬಹುದು. ‘ಬಿಡು’, ‘ಹಿಡಿ’, ‘ಮುರಿ’, ‘ಒಡೆ’, ‘ಏರು’ ಕೂಡ ಹಾಗೆಯೇ. ನಾಮಪದಗಳಿಗೆ ಕೈಯಲ್ಲಿ ಹಿಡಿಯಬಹುದಾದವು, ಕಣ್ಣಿಗೆ ಕಾಣುವವು ಇರಲಿ: ಬೇಲಿ, ಬೀಗ, ಬಾವಿ, ಬೂದಿ, ಗಡಿ, ಗಂಟು. ನಡುವೆ ಸಾಲ, ಹರಕೆ, ನಂಟು ಇವನ್ನು ಚಿಮುಕಿಸಿ. ‘ಮುರಿ’ ಮತ್ತು ‘ನಂಟು’ ಬಿದ್ದರೆ ಅಂಬಿಗ ನಿಮ್ಮನ್ನು ಏಕೆ ದಾಟಿಸುವುದಿಲ್ಲ ಎಂಬುದು ಅರ್ಧ ಗೊತ್ತಾದಂತೆ.

ಕಣಿ ಕೇಳುವ ಕ್ರಮ

ಎರಡು ಹತ್ತರ ದಾಳಗಳನ್ನು ಹತ್ತು ಮತ್ತು ಬಿಡಿ ಎಂದು ಓದಿ ನೂರರೊಳಗಿನ ಅಂಕಿ ಪಡೆಯುವುದು. ಎರಡೂ 0 ಬಂದರೆ 100. ದಾಳಗಳು ಬೇರೆ ಬೇರೆ ಬಣ್ಣದವಾಗಿರಲೇಬೇಕು. ಯಾವ ಬಣ್ಣ ಹತ್ತರದ್ದು ಎಂದು ಡಬ್ಬಿಯ ಮುಚ್ಚಳದ ಮೇಲೇ ಬರೆದಿಡಿ. ಇಲ್ಲದಿದ್ದರೆ 28 ಬೇಕಾದಾಗ 28, 82 ಬೇಕಾದಾಗ 82 ಓದಿಬಿಡುತ್ತೇವೆ. ‘ಹೌದು’ ಬರಲು ಬೇಕಾದ ಕನಿಷ್ಠ ಅಂಕಿ: ಬಹುತೇಕ ಖಚಿತವಾದರೆ 11, ಆಗಬಹುದಾದರೆ 26, ಸಮಸಮವಾದರೆ 51, ಅನುಮಾನವಾದರೆ 76, ತೀರ ದೂರದ ಮಾತಾದರೆ 91. ಈ ಅಂಕಿಯನ್ನು ಎಸೆಯುವ ಮೊದಲೇ ಗಟ್ಟಿಯಾಗಿ ಹೇಳಿಕೊಳ್ಳಿ.

ಪ್ರಶ್ನೆ ಕಟ್ಟುವುದು ದೇವರ ಮುಂದೆ ಹೂ ಕೇಳಿದಂತೆ. ‘ಮದುವೆ ಯಾವಾಗ’ ಎಂದು ಯಾರೂ ಹೂ ಕೇಳುವುದಿಲ್ಲ. ‘ಈ ಸಂಬಂಧ ಕೂಡಿಬರುವುದಾದರೆ ಬಲಗಡೆ ಕೊಡು’ ಎನ್ನುತ್ತಾರೆ. ಜೊತೆಗೆ ಎರಡು ಉತ್ತರವೂ ಕತೆಯನ್ನು ಮುಂದಕ್ಕೆ ತಳ್ಳಬೇಕು. ‘ಗುಡಿಸಲಲ್ಲಿ ಯಾರಾದರೂ ಇದ್ದಾರೆಯೇ’ ಎಂದರೆ ‘ಇಲ್ಲ’ ಬಂದಾಗ ಏನೂ ಉಳಿಯುವುದಿಲ್ಲ. ‘ಗುಡಿಸಲಿನವರು ಈಗಷ್ಟೇ ಓಡಿಹೋಗಿದ್ದಾರೆಯೇ’ ಎನ್ನಿ: ಹೌದಾದರೆ ಯಾರಿಗೆ ಹೆದರಿ, ಇಲ್ಲವಾದರೆ ಒಳಗೆ ಕಾದು ಕೂತಿದ್ದಾರೆ. ಒಂದು ದೃಶ್ಯಕ್ಕೆ ಮೂರು ಪ್ರಶ್ನೆ ಸಾಕು. ನಾಲ್ಕನೆಯದು ಸಾಮಾನ್ಯವಾಗಿ ಮೊದಲನೆಯದನ್ನೇ ಬೇಕಾದ ಉತ್ತರ ಬರುವವರೆಗೆ ಕೆದಕುವುದು.

ದಾಳ ಎಸೆಯಲು ಜಾಗವಿಲ್ಲದಾಗ

ರೈಲಿನ ಸೀಟಿನ ಕೆಳಗೆ ಉರುಳಿದ ದಾಳ ಮತ್ತೆ ಸಿಗುವುದು ಅಪರೂಪ. 12 ಮಿ.ಮೀ. ಗಾತ್ರದ ಚಿಕ್ಕ ದಾಳಗಳನ್ನು ಪಾರದರ್ಶಕ ದುಂಡು ಡಬ್ಬಿಯೊಳಗೇ ಇಟ್ಟು ಅಲುಗಾಡಿಸಿ ಓದಿ. ಡಬ್ಬಿಯ ಒಳ ಎತ್ತರ 25 ಮಿ.ಮೀ.ಗಿಂತ ಕಡಿಮೆ ಇರಬಾರದು. 12 ಮಿ.ಮೀ. ಘನದ ಮೂಲೆಯಿಂದ ಮೂಲೆಗೆ ಸುಮಾರು 21 ಮಿ.ಮೀ.; ಎತ್ತರ ಅದಕ್ಕಿಂತ ಕಡಿಮೆಯಾದರೆ ದಾಳ ಸಲೀಸಾಗಿ ಮಗುಚದೆ ಬರೀ ಜಾರಾಡುತ್ತದೆ, ಅದೇ ಅಂಕಿ ಪದೇ ಪದೇ ಬರುತ್ತದೆ. ತಳಕ್ಕೆ ಒಂದು ತುಂಡು ಬಟ್ಟೆ ಅಂಟಿಸಿದರೆ ರಾತ್ರಿ ಬಸ್ಸಿನಲ್ಲಿ ಪಕ್ಕದವರ ನಿದ್ದೆ ಕೆಡುವುದಿಲ್ಲ.

ಇಸ್ಪೀಟು ಇದ್ದರೆ ಒಂದು ಜಾತಿಯ ಎಕ್ಕದಿಂದ ಹತ್ತು, ಇನ್ನೊಂದರ ಎಕ್ಕದಿಂದ ಹತ್ತು, ಮೂರನೆಯದರ ಎಕ್ಕದಿಂದ ಆರು: 26 ಎಲೆ, ಸರಿಯಾಗಿ ಅರ್ಧ ಕಟ್ಟು. ಮೂರು ಗುಂಪಿನಿಂದ ಒಂದೊಂದು ಎಳೆಯಿರಿ. ಎಳೆದದ್ದನ್ನು ಪ್ರತಿ ಸಲ ಹಿಂದಿಟ್ಟು ಕಲಸದಿದ್ದರೆ ಮೇಲೆ ಹೇಳಿದ ಶೇಕಡಾ ಲೆಕ್ಕ ತಪ್ಪುತ್ತದೆ.

ಬರೀ ಹೌದು-ಇಲ್ಲಕ್ಕಾದರೆ ಚೌಕಾಬಾರದ ಹುಣಸೆ ಬೀಜ ಸಾಕು, ಒಂದು ಮೈ ಬಿಳಿಯಾಗುವಂತೆ ಉಜ್ಜಿದ್ದು. ನಾಲ್ಕು ಬೇಡ, ಮೂರು. ನಾಲ್ಕಾದರೆ ಎರಡು ಬಿಳಿ ಎರಡು ಕಂದು ಬಂದು ನಡುವೆ ಸಿಕ್ಕಿಕೊಳ್ಳುತ್ತದೆ. ಮೂರರಲ್ಲಿ ಮೂರೂ ಬಿಳಿ ಎಂದರೆ ‘ಹೌದು, ಮೇಲಿಷ್ಟು ಲಾಭ’, ಎರಡು ‘ಹೌದು’, ಒಂದು ‘ಇಲ್ಲ’, ಒಂದೂ ಇಲ್ಲ ಎಂದರೆ ‘ಇಲ್ಲ, ಮೇಲೊಂದು ತೊಂದರೆ’. ಎಂಟರಲ್ಲಿ 1, 3, 3, 1 ಎಂಬ ಹಂಚಿಕೆ. ಬೀಜ ಎರಡೂ ಕಡೆಗೆ ಸಮವಾಗಿ ಬೀಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ: ಒಂದೊಂದನ್ನೂ 100 ಸಲ ಎಸೆದು ಬಿಳಿ 40ರಿಂದ 60ರ ನಡುವೆ ಬಂದರೆ ನಂಬಬಹುದು. ಹೆಚ್ಚು ಉಜ್ಜಿದ ಬೀಜ ಒಂದು ಕಡೆಗೇ ವಾಲುತ್ತದೆ. ಕವಡೆಯ ಆಕಾರವೇ ಓರೆಯಾದ್ದರಿಂದ ಅದಕ್ಕೆ ಈ ಪರೀಕ್ಷೆ ಇನ್ನೂ ಅಗತ್ಯ.

ಬರೆಯುವುದು, ನಿಲ್ಲಿಸುವುದು

ದಿನಚರಿಗೆ ಪಾಕೆಟ್ ಪುಸ್ತಕ, ಬಾಲ್‌ಪೆನ್ನು. ಜೆಲ್ ಪೆನ್ನು ಬೆವರು ಕೈಗೆ ಹರಡುತ್ತದೆ. ಪೆನ್ಸಿಲ್ ನಕ್ಷೆಗೆ ಮಾತ್ರ. ದಿನಚರಿ ಅಳಿಸುವಂತಿರಬಾರದು, ಹಿಂದಿನ ಸೋಲನ್ನು ತಿದ್ದುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಎಸೆತಕ್ಕೆ ಎರಡು ಸಾಲಿಗಿಂತ ಹೆಚ್ಚು ಬರೆಯಲು ಹೋದರೆ ಆಟ ಬರಹವಾಗುತ್ತದೆ, ಅದಕ್ಕೆ ಬಿಡುವು ಸಾಲದು.

ಏಳುವ ಮೊದಲು ನಾಲ್ಕು ವಿಷಯ ಬರೆಯಿರಿ: ಎಲ್ಲಿದ್ದೇವೆ, ಜೊತೆಗೆ ಯಾರು, ಕಾರ್ಡಿನ ನಾಲ್ಕು ಅಂಕಿ, ಮುಂದೆ ಕೇಳಬೇಕಾದ ಪ್ರಶ್ನೆ. ಕ್ಲಿಪ್ಪು ಇದ್ದೂ ಅಂಕಿ ಬರೆಯುವುದೇಕೆಂದರೆ ಕಿಸೆಯಲ್ಲಿ ಕ್ಲಿಪ್ಪು ಸರಿಯುತ್ತದೆ. ಪ್ರಶ್ನೆಯನ್ನು ಬರೆದು, ದಾಳ ಎಸೆಯದೆ ಮುಚ್ಚಿಡಿ. ಮತ್ತೆ ತೆರೆದಾಗ ಮೊದಲ ಕೆಲಸ ಡಬ್ಬಿ ಅಲುಗಾಡಿಸುವುದು, ಯೋಚಿಸುವುದು ಆಮೇಲೆ. ನಮೂನೆ ಹೀಗಿರುತ್ತದೆ:

ಕಡವು, ಮುಸ್ಸಂಜೆ. ಜೊತೆಗೆ ಗಾಯಗೊಂಡ ಎತ್ತು, ಬೇರೆ ಯಾರೂ ಇಲ್ಲ. ಆರೋಗ್ಯ 3, ಧೈರ್ಯ 4, ಬುತ್ತಿ 1, ಓಘ +5. ಆಚೆ ದಡದಲ್ಲಿ ಕಂಡ ದೀಪ ನಮ್ಮವರದೇ? ಅನುಮಾನ, 76.