ಓದುಗರ ಪ್ರಶ್ನೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆದ ಮೇಲೆ ಗಂಜಿ ಎಲ್ಲಿಯವರೆಗೆ, ಮುದ್ದೆ ಯಾವಾಗ?

ಪ್ರಶ್ನೆ: ನನಗೆ 31 ವರ್ಷ. ಮೂರು ತಿಂಗಳ ಹಿಂದೆ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದೇನೆ. ತೂಕ ಚೆನ್ನಾಗಿ ಇಳಿಯುತ್ತಿದೆ. ಆದರೆ ತಲೆ ಬಾಚಿದರೆ ಕೂದಲು ಕೈತುಂಬ ಬರುತ್ತದೆ, ಒಂದು ಮಹಡಿ ಹತ್ತುವಷ್ಟರಲ್ಲಿ ಸುಸ್ತಾಗುತ್ತದೆ. ಅತ್ತೆಯವರು ಹೊತ್ತು ಹೊತ್ತಿಗೆ ರಾಗಿ ಗಂಜಿ, ಬೇಳೆಕಟ್ಟು, ಎಳನೀರು ಕೊಡುತ್ತಾರೆ. 'ಹೊಟ್ಟೆ ಕೊಯ್ದಿದ್ದಾರೆ, ಹಗುರವಾದದ್ದನ್ನೇ ತಿನ್ನಬೇಕು' ಎನ್ನುತ್ತಾರೆ. ಇನ್ನೂ ಎಷ್ಟು ದಿನ ಗಂಜಿ ಕುಡಿಯಬೇಕು? ಮುದ್ದೆ, ಅನ್ನ ಯಾವಾಗಿನಿಂದ ಊಟ ಮಾಡಬಹುದು?

ಉತ್ತರ: ಆಹಾರ ತಜ್ಞೆಯಾಗಿ ನನ್ನ ಬಳಿಗೆ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಈ ಪ್ರಶ್ನೆ ಮುಗಿಯುವುದೇ ಇಲ್ಲ. ಕೇಳುವವರು ಬದಲಾಗುತ್ತಾರೆ, ಗಂಜಿ ಬದಲಾಗುವುದಿಲ್ಲ. ಆದ್ದರಿಂದ ಮೊದಲು ಚಿಕ್ಕ ಉತ್ತರವನ್ನು ಹೇಳಿಬಿಡುತ್ತೇನೆ. ನಿಮ್ಮ ಗಂಜಿಯ ದಿನಗಳು ಮುಗಿದು ಎರಡು ತಿಂಗಳಾಗಿದೆ. ಮುದ್ದೆಯ ವಿಷಯಕ್ಕೆ ಆಮೇಲೆ ಬರೋಣ, ಏಕೆಂದರೆ ಅದನ್ನು ಯಾವಾಗ ತಿನ್ನಬೇಕು ಎನ್ನುವುದಕ್ಕಿಂತ ಹೇಗೆ ತಿನ್ನಬೇಕು ಎನ್ನುವುದು ಮುಖ್ಯ.

ಶಸ್ತ್ರಚಿಕಿತ್ಸೆಯ ನಂತರ ಮೊದಲ ಒಂದೆರಡು ದಿನ ತಿಳಿಯಾದ ದ್ರವ, ಸುಮಾರು ಎರಡು ವಾರ ಹಾಲು ಮಜ್ಜಿಗೆಯಂತಹ ಗಟ್ಟಿ ದ್ರವ, ಮುಂದಿನ ಎರಡು ವಾರ ನುಣ್ಣಗೆ ಅರೆದ ಆಹಾರ, ಆಮೇಲೆ ಮೆತ್ತನೆಯ ಆಹಾರ, ಆರರಿಂದ ಎಂಟು ವಾರಗಳ ಹೊತ್ತಿಗೆ ಸಾಮಾನ್ಯ ಮನೆಯ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ಕೆಲವು ದಿನಗಳ ವ್ಯತ್ಯಾಸವಿದ್ದರೂ ಕ್ರಮ ಎಲ್ಲ ಕಡೆಯೂ ಹೆಚ್ಚು ಕಡಿಮೆ ಇದೇ. ದ್ರವಾಹಾರವನ್ನು ಕೊಡುವುದು ಹೊಲಿಗೆ ಹಾಕಿದ ಜಾಗ ಒಣಗಲೆಂದೇ ಹೊರತು ದ್ರವವೇ ಶ್ರೇಷ್ಠ ಆಹಾರ ಎಂಬ ಕಾರಣಕ್ಕಲ್ಲ. ಹೊಲಿಗೆ ಒಣಗಿದ ಮೇಲೂ ದ್ರವದಲ್ಲೇ ನಿಂತುಬಿಡುವುದು ಪಥ್ಯವಲ್ಲ, ಅಪೌಷ್ಟಿಕತೆ.

ನಿಮ್ಮ ಅತ್ತೆಯವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ, ಅದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಮನೆಗಳಲ್ಲಿ ಜ್ವರ ಬಂದರೆ ಗಂಜಿ, ವಾಂತಿ ಭೇದಿಯಾದರೆ ಗಂಜಿ, ಅಪೆಂಡಿಕ್ಸ್ ತೆಗೆದರೂ ಗಂಜಿ. ಆ ಸಂದರ್ಭಗಳಲ್ಲಿ ಅದು ಸರಿಯೇ, ಏಕೆಂದರೆ ಅಲ್ಲಿ ಗಂಜಿ ನಾಲ್ಕಾರು ದಿನದ ಮಾತು. ಜ್ವರ ಬಿಟ್ಟ ಮೇಲೆ ಬಾಯಿರುಚಿ ಬಂದು, ಕಳೆದುಕೊಂಡದ್ದನ್ನೆಲ್ಲ ಒಂದೆರಡು ವಾರದಲ್ಲಿ ತಿಂದು ತುಂಬಿಸಿಕೊಳ್ಳುತ್ತೇವೆ. ನಿಮಗೆ ಆಗಿರುವ ಶಸ್ತ್ರಚಿಕಿತ್ಸೆಯಲ್ಲಿ ಈ 'ಆಮೇಲೆ ತುಂಬಿಸಿಕೊಳ್ಳುವುದು' ಎನ್ನುವುದೇ ಇಲ್ಲ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಷ್ಟು ದಪ್ಪದ ಕೊಳವೆಯನ್ನಾಗಿ ಉಳಿಸಿರುತ್ತಾರೆ; ಆರಂಭದಲ್ಲಿ ಅದರಲ್ಲಿ ಹಿಡಿಯುವುದು 100ರಿಂದ 150 ಮಿಲಿಲೀಟರ್ ಮಾತ್ರ. ಆ ಜಾಗಕ್ಕೆ ಏನನ್ನು ಮೊದಲು ಕಳುಹಿಸುತ್ತೀರಿ ಎನ್ನುವುದರ ಮೇಲೆ ನಿಮ್ಮ ಸ್ನಾಯು, ಕೂದಲು, ರಕ್ತ ಎಲ್ಲವೂ ನಿಂತಿವೆ.

'ಗಂಜಿ ಹಗುರ, ಆದರೆ ಶಕ್ತಿ ಕೊಡುತ್ತದೆ' ಎಂಬ ನಂಬಿಕೆಯನ್ನು ಲೆಕ್ಕ ಹಾಕಿ ನೋಡೋಣ. ಒಂದು ಲೋಟ ಗಂಜಿಗೆ ಎರಡು ದೊಡ್ಡ ಚಮಚ ರಾಗಿ ಹಿಟ್ಟು ಹಾಕುತ್ತಾರೆ, ಅಂದರೆ ಸುಮಾರು 20 ಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಇರುವ ಪ್ರೋಟೀನ್ ಸುಮಾರು 7 ಗ್ರಾಂ. ಹಾಗಾದರೆ ನಿಮ್ಮ ಲೋಟದಲ್ಲಿರುವುದು ಒಂದೂವರೆ ಗ್ರಾಂನಷ್ಟು. ನಿಮಗೆ ದಿನಕ್ಕೆ ಬೇಕಾದದ್ದು ಕನಿಷ್ಠ 60 ಗ್ರಾಂ. ದಿನಕ್ಕೆ ಮೂರು ಲೋಟ ಕುಡಿದರೂ 5 ಗ್ರಾಂ ತಲುಪುವುದಿಲ್ಲ, ಆದರೆ ಹೊಟ್ಟೆ ಮಾತ್ರ ಮೂರು ಸಲ ತುಂಬಿರುತ್ತದೆ. 'ರಾಗಿಯಲ್ಲಿ ಸುಣ್ಣದ ಅಂಶ ಇದೆಯಲ್ಲ' ಎಂದು ತಕ್ಷಣ ಕೇಳುತ್ತಾರೆ. ಖಂಡಿತ ಇದೆ, ಧಾನ್ಯಗಳಲ್ಲಿ ರಾಗಿಯಷ್ಟು ಕ್ಯಾಲ್ಸಿಯಂ ಇರುವುದು ಅಪರೂಪ; ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಎರಡು ಚಮಚ ಹಿಟ್ಟಿನಲ್ಲಿ ಬರುವುದು 70 ಮಿಲಿಗ್ರಾಂ, ಈ ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ ಬೇಕಾದದ್ದು 1200ರಿಂದ 1500. ರಾಗಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅರ್ಧ ಸೇರು ರಾಗಿ ತಿನ್ನಬಲ್ಲ ಹೊಟ್ಟೆಗೆ ಅದು ಕೊಡುತ್ತಿದ್ದ ಬಲವನ್ನು ಎರಡು ಚಮಚದಲ್ಲಿ ನಿರೀಕ್ಷಿಸಬೇಡಿ ಎನ್ನುತ್ತಿದ್ದೇನೆ.

ಬೇಳೆಕಟ್ಟಿನ ವಿಷಯ ಇನ್ನೂ ಬೇಸರ ತರುವಂಥದ್ದು. 'ಬೇಳೆಯ ಸಾರವೆಲ್ಲ ಕಟ್ಟಿನಲ್ಲಿ ಇಳಿದಿರುತ್ತದೆ' ಎಂದು ವಿದ್ಯಾವಂತರೂ ಹೇಳುವುದನ್ನು ಕೇಳಿದ್ದೇನೆ. ಕಟ್ಟಿನಲ್ಲಿ ಇಳಿದಿರುವುದು ರುಚಿ, ಉಪ್ಪು, ಒಂದಿಷ್ಟು ಪಿಷ್ಟ. ಪ್ರೋಟೀನ್‌ನ ಬಹುಪಾಲು ಪಾತ್ರೆಯ ತಳದಲ್ಲಿರುವ ಬೇಳೆಯಲ್ಲೇ ಇರುತ್ತದೆ. ಮಂಡ್ಯ, ಮೈಸೂರಿನ ಕಡೆ ಬಸ್ಸಾರು ಮಾಡುವವರಿಗೆ ಇದನ್ನು ವಿವರಿಸುವುದು ಸುಲಭ. ಕಾಳು ಮತ್ತು ಸೊಪ್ಪನ್ನು ಬೇಯಿಸಿ, ನೀರನ್ನು ಬಸಿದು ಸಾರು ಮಾಡುತ್ತೀರಿ, ಬಸಿದು ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೀರಿ. ಇಷ್ಟು ದಿನ ನೀವು ಸಾರನ್ನು ಊಟವೆಂದೂ ಪಲ್ಯವನ್ನು ನಂಜಿಕೊಳ್ಳುವುದೆಂದೂ ತಿಳಿದಿದ್ದಿರಿ. ಇನ್ನು ಮುಂದೆ ಆ ಕಾಳಿನ ಪಲ್ಯವೇ ನಿಮ್ಮ ಊಟ.

ನಿಮ್ಮ ಕೂದಲು ಉದುರುವುದಕ್ಕೂ ಸುಸ್ತಿಗೂ ಇದರೊಂದಿಗೆ ನಂಟಿದೆ. ತೂಕ ವೇಗವಾಗಿ ಇಳಿದಾಗ ಮೂರನೆಯ ತಿಂಗಳಿಂದ ಆರನೆಯ ತಿಂಗಳವರೆಗೆ ಕೂದಲು ಉದುರುವುದು ಬಹಳ ಜನರಲ್ಲಿ ಕಾಣುವಂಥದ್ದು, ಸಾಮಾನ್ಯವಾಗಿ ಅದು ತಾನಾಗಿಯೇ ನಿಂತು ಮತ್ತೆ ಬೆಳೆಯುತ್ತದೆ. ಆದರೆ ಪ್ರೋಟೀನ್, ಕಬ್ಬಿಣ, ಸತು ಕಡಿಮೆಯಾದರೆ ಉದುರುವುದು ಹೆಚ್ಚಾಗುತ್ತದೆ, ನಿಲ್ಲುವುದು ತಡವಾಗುತ್ತದೆ. ಎಣ್ಣೆ, ಶಾಂಪೂ ಬದಲಾಯಿಸಿ ಪ್ರಯೋಜನವಿಲ್ಲ. ಮೆಟ್ಟಿಲು ಹತ್ತುವಾಗಿನ ಸುಸ್ತನ್ನು ನಾನು ಇನ್ನೂ ಗಂಭೀರವಾಗಿ ನೋಡುತ್ತೇನೆ. ಆಹಾರದಿಂದ ಸಾಕಷ್ಟು ಪ್ರೋಟೀನ್ ಸಿಗದಿದ್ದಾಗ ದೇಹ ಕೊಬ್ಬಿನ ಜೊತೆಗೆ ತನ್ನ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ರಕ್ತಪರೀಕ್ಷೆಯನ್ನು ಈ ವಾರವೇ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಅಲ್ಬುಮಿನ್ (ರಕ್ತದಲ್ಲಿರುವ ಪ್ರೋಟೀನ್), ಬಿ12, ವಿಟಮಿನ್ ಡಿ.

ಗಂಜಿಯ ಇನ್ನೊಂದು ತೊಂದರೆ ಈಗ ಕಾಣುವುದಿಲ್ಲ, ಒಂದು ವರ್ಷದ ನಂತರ ಕಾಣುತ್ತದೆ. ದ್ರವ ಈ ಕೊಳವೆಯಲ್ಲಿ ನಿಲ್ಲದೆ ಬೇಗ ಕೆಳಗಿಳಿಯುತ್ತದೆ, ಅರ್ಧ ಗಂಟೆಗೆ ಮತ್ತೆ ಏನಾದರೂ ಬೇಕೆನಿಸುತ್ತದೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವನ್ನೇ ತೆಗೆದಿರುವುದರಿಂದ ಮೊದಲ ಕೆಲವು ತಿಂಗಳು ಹಸಿವು ಮಂಕಾಗಿರುತ್ತದೆ. ಆಮೇಲೆ ಹಸಿವು ನಿಧಾನವಾಗಿ ಮರಳುತ್ತದೆ. ಆ ಹೊತ್ತಿಗೆ ಬೆಲ್ಲ ಹಾಕಿದ ಗಂಜಿ, ಹಾರ್ಲಿಕ್ಸ್, ಹಣ್ಣಿನ ರಸ ಕುಡಿಯುವುದು ರೂಢಿಯಾಗಿಬಿಟ್ಟಿದ್ದರೆ ಇಳಿದ ತೂಕ ಏರಲು ತೊಡಗುತ್ತದೆ. 'ಬೆಲ್ಲ ಸಕ್ಕರೆಯಲ್ಲ' ಎಂಬ ಸಮಾಧಾನವನ್ನು ಕರುಳು ಒಪ್ಪುವುದಿಲ್ಲ. ಗ್ಯಾಸ್ಟ್ರಿಕ್ ಬೈಪಾಸ್ (ಹೃದಯದ್ದಲ್ಲ, ತೂಕ ಇಳಿಸಲು ಜಠರಕ್ಕೆ ಮಾಡುವ ಇನ್ನೊಂದು ಬಗೆಯ ಶಸ್ತ್ರಚಿಕಿತ್ಸೆ) ಆದವರಂತೂ ಸಿಹಿ ಗಂಜಿ ಕುಡಿದ ಅರ್ಧ ಗಂಟೆಯೊಳಗೆ ಬೆವರಿ, ಎದೆ ಡವಗುಟ್ಟಿ, ಹೊಟ್ಟೆ ನುಲಿದು ಮಲಗಬೇಕಾಗಬಹುದು.

ಗಂಜಿಯ ಕುರಿತ ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯ. ಪಾಲಿಶ್ ಮಾಡಿದ ಅಕ್ಕಿಯ ಗಂಜಿಯಲ್ಲಿ ಬಿ1 ಜೀವಸತ್ವ ತೀರಾ ಕಡಿಮೆ, ದೇಹದಲ್ಲಿ ಅದರ ದಾಸ್ತಾನು ಕೆಲವೇ ವಾರಗಳದ್ದು. ಶಸ್ತ್ರಚಿಕಿತ್ಸೆಯ ನಂತರ ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಅದೂ ಖಾಲಿಯಾಗುತ್ತದೆ. ನಡಿಗೆ ತೂರಾಡುವುದು, ಒಂದು ಎರಡಾಗಿ ಕಾಣುವುದು, ಮಾತಿನಲ್ಲಿ ಗೊಂದಲ ಇವು ಬಿ1 ಕೊರತೆಯ ಲಕ್ಷಣಗಳು. ತಡ ಮಾಡಿದರೆ ಮಿದುಳಿಗಾದ ಹಾನಿ ಮತ್ತೆ ಸರಿಹೋಗದಿರಬಹುದು. ಇಂತಹ ಹೊತ್ತಿನಲ್ಲಿ ಮನೆಯವರು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು 'ಒಂದು ಬಾಟಲಿ ಗ್ಲೂಕೋಸ್ ಹಾಕಿಸಿ' ಎನ್ನುತ್ತಾರೆ. ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದಿರುವ ಚೂರುಪಾರು ಬಿ1 ಕೂಡ ಖರ್ಚಾಗಿ ಸ್ಥಿತಿ ಬಿಗಡಾಯಿಸುತ್ತದೆ. ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ನಿಮಗೆ ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೇ ಫೋನ್ ಮಾಡಿ. ಬೇರೆ ಆಸ್ಪತ್ರೆಗೆ ಹೋಗಲೇಬೇಕಾದರೆ, ಡ್ರಿಪ್ ಹಾಕುವ ಮುನ್ನವೇ 'ನನಗೆ ಬೇರಿಯಾಟ್ರಿಕ್ (ಅಂದರೆ ತೂಕ ಇಳಿಸುವ) ಆಪರೇಷನ್ ಆಗಿದೆ, ಮೊದಲು ಥಯಾಮಿನ್ (ಅಂದರೆ ಬಿ1) ಕೊಡಿ' ಎಂದು ನೀವಾಗಿಯೇ ಹೇಳಿ. ಈ ವಾಕ್ಯವನ್ನು ಮನೆಯವರಿಗೂ ಕಲಿಸಿ.

ಹಾಗಾದರೆ ತಿನ್ನುವುದೇನು? ತಟ್ಟೆಯಲ್ಲಿ ಪ್ರೋಟೀನ್ ಮೊದಲು, ಪಲ್ಯ ನಂತರ, ಜಾಗ ಉಳಿದರೆ ಅನ್ನವೋ ಮುದ್ದೆಯೋ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 50 ಗ್ರಾಂ ಪನೀರಿನಲ್ಲಿ ಸುಮಾರು 9 ಗ್ರಾಂ, ಗಟ್ಟಿ ತೊವ್ವೆಯ ಒಂದು ಚಿಕ್ಕ ಬಟ್ಟಲಿನಲ್ಲಿ 6 ಗ್ರಾಂ, ಮೆತ್ತಗೆ ಬೇಯಿಸಿದ ಕೋಳಿ ಅಥವಾ ಮೀನಿನ ಎರಡು ತುಂಡಿನಲ್ಲಿ 10 ಗ್ರಾಂ ಸಿಗುತ್ತದೆ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು, ಕೈಮಾ, ಅವರೆಯ ಕಾಲದಲ್ಲಿ ಹಿತಕಿದ ಬೇಳೆ ಎಲ್ಲವೂ ಒಳ್ಳೆಯವೇ. ಸಸ್ಯಾಹಾರಿಗಳಿಗೆ ಮೊದಲ ವರ್ಷ ಪ್ರೋಟೀನ್ ಪುಡಿ ಇಲ್ಲದೆ 60 ಗ್ರಾಂ ಮುಟ್ಟುವುದು ಬಹಳ ಕಷ್ಟ. ಪುಡಿಯಿಂದ ಕಿಡ್ನಿ ಹಾಳಾಗುತ್ತದೆ ಎಂದು ಹೆದರಬೇಡಿ. 60 ಗ್ರಾಂ ಎನ್ನುವುದು ಅತಿಯಲ್ಲ, ಅಗತ್ಯ. ಮೊದಲೇ ಕಿಡ್ನಿಯ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ನೀರನ್ನು ಊಟದ ಜೊತೆ ಕುಡಿಯದೆ, ಊಟವಾಗಿ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ, ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಾಗದಂತೆ ಕುಡಿಯಿರಿ. ಊಟದ ಕೊನೆಯ ಮಜ್ಜಿಗೆಗೂ ಇದೇ ನಿಯಮ.

ಇನ್ನು ಮುದ್ದೆ. ಮುದ್ದೆಯನ್ನು ಅಗಿಯಬಾರದು, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಚಿಕ್ಕಂದಿನಿಂದ ಕಲಿತಿದ್ದೇವೆ. ನಿಮ್ಮ ಈಗಿನ ಜಠರಕ್ಕೆ ಇದಕ್ಕಿಂತ ಅಪಾಯದ ಅಭ್ಯಾಸ ಇನ್ನೊಂದಿಲ್ಲ. ಜಿಗುಟಾದ ತುತ್ತು ಕೊಳವೆಯ ಕಿರಿದಾದ ಕಡೆ ಸಿಕ್ಕಿಕೊಂಡರೆ ಎದೆಯ ನಡುವೆ ಒತ್ತಿದಂತೆ ನೋವು ಬರುತ್ತದೆ, ಬಾಯಿತುಂಬ ನೊರೆ ನೊರೆಯಾದ ಜೊಲ್ಲು ಬರುತ್ತದೆ, ತುತ್ತು ವಾಂತಿಯಾಗಿ ಹೊರಬಂದ ಮೇಲಷ್ಟೇ ಸಮಾಧಾನ. ಆಗ ಜೊತೆಗಿರುವವರು ನೀರು ಕುಡಿಸಲು ಬರುತ್ತಾರೆ. ಕುಡಿಯಬೇಡಿ, ನೀರಿಗೂ ದಾರಿ ಇರುವುದಿಲ್ಲ. ಮುದ್ದೆಯನ್ನು ಬಿಟ್ಟಿರಲು ಆಗದಿದ್ದರೆ, ನಿಮ್ಮ ಶಸ್ತ್ರವೈದ್ಯರು ಒಪ್ಪಿದ ಮೇಲೆ, ಸಡಿಲವಾಗಿ ಮಾಡಿದ ಮುದ್ದೆಯಲ್ಲಿ ನಿಂಬೆಹಣ್ಣಿನಷ್ಟನ್ನು, ಕಡಲೆಕಾಳಿನ ಗಾತ್ರದ ತುತ್ತುಗಳಾಗಿ, ಅಗಿದು ತಿನ್ನಿ, ಅದೂ ಕಾಳಿನ ಪಲ್ಯವೋ ಮೊಟ್ಟೆಯೋ ಮುಗಿದ ಮೇಲೆ. ರಾಗಿಯ ರುಚಿಯಷ್ಟೇ ಬೇಕಿದ್ದರೆ ತೆಳ್ಳಗಿನ ರಾಗಿ ದೋಸೆ ಇದಕ್ಕಿಂತ ಎಷ್ಟೋ ಸುರಕ್ಷಿತ, ಏಕೆಂದರೆ ಅದನ್ನು ಅಗಿಯದೆ ನುಂಗಲು ಆಗುವುದಿಲ್ಲ. ಗಂಟು ಕಟ್ಟುವ ಮೆತ್ತನೆಯ ಅನ್ನಕ್ಕೂ, ಹಸಿ ಬ್ರೆಡ್ಡಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಮಾತ್ರೆಗಳ ಬಗ್ಗೆ ನೀವು ಏನೂ ಬರೆದಿಲ್ಲ, ಆದ್ದರಿಂದ ನಿಲ್ಲಿಸಿರಬಹುದೆಂಬ ಆತಂಕ ನನಗಿದೆ. ವಿಟಮಿನ್, ಬಿ12, ಕ್ಯಾಲ್ಸಿಯಂ ಇವು ಜೀವನಪರ್ಯಂತ. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ಉಳಿದಿರುವುದರಿಂದ ಮಾತ್ರೆ ಬಿಟ್ಟ ತಕ್ಷಣ ಏನೂ ಆಗುವುದಿಲ್ಲ; ಎರಡು ಮೂರು ವರ್ಷದ ನಂತರ ಅಂಗಾಲು ಜೋಮು ಹಿಡಿದಾಗ ಯಾರಿಗೂ ಈ ಶಸ್ತ್ರಚಿಕಿತ್ಸೆ ನೆನಪಾಗುವುದಿಲ್ಲ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆಯ ಅಂತರವಿರಲಿ, ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಬೇಡಿ.

ನಿಮ್ಮ ವಯಸ್ಸನ್ನು ನೋಡಿ ಇನ್ನೊಂದು ವಿಷಯವನ್ನೂ ಹೇಳಬೇಕೆನಿಸುತ್ತದೆ. ಸಂಕೋಚದಿಂದ ಇದನ್ನು ಬಹಳ ಜನ ಕೇಳುವುದಿಲ್ಲ, ಕೇಳದ ಕಾರಣಕ್ಕೇ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಪಿಸಿಒಡಿ ಎಂಬ ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗಿ, ಮಕ್ಕಳಾಗುವುದಿಲ್ಲವೆಂದು ವರ್ಷಗಟ್ಟಲೆ ಕೊರಗಿದವರಿಗೆ ತೂಕ ಇಳಿಯತೊಡಗಿದ ಕೆಲವೇ ತಿಂಗಳಲ್ಲಿ ಅಂಡೋತ್ಪತ್ತಿ ಮರಳಬಹುದು. ಸಂತೋಷದ ವಿಷಯವೇ, ಆದರೆ ಸಮಯ ಇದಲ್ಲ. ತಾಯಿಯ ದೇಹವೇ ಕರಗುತ್ತಿರುವಾಗ ಮಗುವಿಗೆ ಪೋಷಣೆ ಸಾಲುವುದಿಲ್ಲ. ಆದ್ದರಿಂದ 12ರಿಂದ 18 ತಿಂಗಳು ಕಾಯಬೇಕು. ನುಂಗುವ ಗರ್ಭನಿರೋಧಕ ಗುಳಿಗೆಗಳನ್ನು, ಮುಖ್ಯವಾಗಿ ಬೈಪಾಸ್ ಆದವರು, ನೆಚ್ಚಿಕೊಳ್ಳಬಾರದು, ದೇಹ ಅವನ್ನು ಸರಿಯಾಗಿ ಹೀರಿಕೊಳ್ಳದಿರಬಹುದು. ಕಾಪರ್ ಟಿಯಂತಹ ವಿಧಾನದ ಬಗ್ಗೆ ಸ್ತ್ರೀರೋಗ ತಜ್ಞರ ಹತ್ತಿರ ಮಾತನಾಡಿ. ಮುಂದೆ ಗರ್ಭಿಣಿಯಾದಾಗ, ಬಸಿರಿನ ಮಧುಮೇಹವನ್ನು ಪತ್ತೆಮಾಡಲು 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿಸಿ ಪರೀಕ್ಷೆ ಮಾಡುತ್ತಾರೆ. ಬೈಪಾಸ್ ಆದವರು ಅದನ್ನು ಕುಡಿದರೆ ಸಕ್ಕರೆ ಮೊದಲು ಜರ್ರನೆ ಏರಿ ಆಮೇಲೆ ಕುಸಿದು ತಲೆಸುತ್ತಿ ಬೀಳಬಹುದು, ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿರುವುದಿಲ್ಲ. ಸ್ಲೀವ್ ಆದವರಲ್ಲೂ ಕೆಲವರಿಗೆ ಹೀಗಾಗುತ್ತದೆ. ಮೊದಲ ಭೇಟಿಯಲ್ಲೇ ಪ್ರಸೂತಿ ವೈದ್ಯರಿಗೆ ಶಸ್ತ್ರಚಿಕಿತ್ಸೆಯ ವಿಷಯ ತಿಳಿಸಿ, ಈ ಪರೀಕ್ಷೆಗೆ ಬದಲಾಗಿ 24ರಿಂದ 28ನೆಯ ವಾರದ ನಡುವೆ ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರಿನಿಂದ ಊಟದ ಮುಂಚೆ ಮತ್ತು ನಂತರ ಅಳೆದು ಬರೆದುಕೊಂಡು ಬರುವುದಾಗಿ ಹೇಳಿದರೆ ಅವರು ಒಪ್ಪುತ್ತಾರೆ.