ನಿಮ್ಮ ಪಾತ್ರದ ಮನಸ್ಸಲ್ಲಿ ಏನಿದೆ ಅಂತ ನಮಗೆ ಹೇಳಬೇಡಿ

ಬರಹದಲ್ಲೇ ನಡೆಯುವ ರೋಲ್‌ಪ್ಲೇ ಆಟಗಳನ್ನು, ಅಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ ಅದರ ಮಾತು, ನಡೆ ಬರೆಯುತ್ತ ಕಥೆ ಬೆಳೆಸುವ ಆಟಗಳನ್ನು, ನಡೆಸಿಕೊಡುವುದು ನನ್ನ ಅರ್ಧ ಕಸುಬು. ಇನ್ನರ್ಧ ನಾಟಕದ ತರಬೇತಿ. ಎರಡೂ ಕಡೆ ಜನ ಕೇಳುವ ಪ್ರಶ್ನೆ ಒಂದೇ. "ಪಾತ್ರದೊಳಗೆ ಇನ್ನೂ ಆಳಕ್ಕೆ ಇಳಿಯೋದು ಹೇಗೆ?" ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಮರುದಿನವೇ ಒಂದು ಪಿಡಿಎಫ್ ಬರುತ್ತದೆ. ಪಾತ್ರದ ಅಜ್ಜ ಯಾರು, ಯಾವ ಊರು ಸುಟ್ಟುಹೋಯಿತು, ತಾಯಿ ಯಾವಾಗ ತೀರಿಕೊಂಡಳು, ಕತ್ತಿಯ ಹಿಡಿಯ ಮೇಲೆ ಎಂಥ ಕೆತ್ತನೆ, ಎಲ್ಲವೂ ಅದರಲ್ಲಿರುತ್ತದೆ. ಓದಲು ಚೆನ್ನಾಗಿಯೇ ಇರುತ್ತದೆ. ಆಮೇಲೆ ಆಟ ಶುರುವಾಗುತ್ತದೆ. ಆ ಪಾತ್ರ ಮೂಲೆಯಲ್ಲಿ ನಿಂತು ಕತ್ತಲನ್ನು ದಿಟ್ಟಿಸುತ್ತದೆ. ಯಾವಾಗಲೂ ಕತ್ತಲನ್ನೇ. ಕತ್ತಲನ್ನು ದಿಟ್ಟಿಸದ ಪಾತ್ರಕ್ಕೆ ಬಹುಮಾನ ಇಡೋಣ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇವರ ಶ್ರದ್ಧೆ ನನಗೆ ಇಷ್ಟವೇ. ಕೆಲಸ ಮುಗಿಸಿ, ಮಗುವನ್ನು ಮಲಗಿಸಿ, ರಾತ್ರಿ ಕೂತು ಅಷ್ಟೆಲ್ಲ ಬರೆಯುತ್ತಾರಲ್ಲ. ಅದಕ್ಕೇ ಈ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬರಹದ ಆಟದಲ್ಲಿ ನಿಮ್ಮ ಪಾತ್ರ ಇರುವುದು ಬೇರೆಯವರ ಪರದೆಯ ಮೇಲೆ. ನಿಮ್ಮ ತಲೆಯಲ್ಲೂ ಅಲ್ಲ, ಪಿಡಿಎಫ್‌ನಲ್ಲೂ ಅಲ್ಲ. ಎದುರಿಗಿರುವವರು ಓದಿ, ಅದಕ್ಕೆ ಏನಾದರೂ ಮಾಡಲು ಸಾಧ್ಯವಾದರೆ ಮಾತ್ರ ಅದು ಪಾತ್ರ. ಅವರಿಗೆ ಮಾಡಲು ಏನೂ ಸಿಗದಿದ್ದರೆ, ಎಷ್ಟೇ ಚಂದದ ಸಾಲಾದರೂ ಅದು ದಿನಚರಿ.

ಉದಾಹರಣೆ ಕೊಡುತ್ತೇನೆ. ಈಗ ನಾನು ನಡೆಸುತ್ತಿರುವ ಆಟ 1762ರ ಮಳೆಗಾಲದ ಬಿದನೂರಿನಲ್ಲಿದೆ. ಕೆಳದಿ ನಾಯಕರ ರಾಜಧಾನಿ, ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಮೆಣಸು, ಅಡಿಕೆ ಎತ್ತಿನ ಮೇಲೆ ಹೊಸಂಗಡಿ ಘಾಟಿ ಇಳಿದು ಕರಾವಳಿಗೆ ಹೋಗುತ್ತವೆ. ರಾಣಿ ವೀರಮ್ಮಾಜಿಯ ಆಳ್ವಿಕೆ. ಅಲ್ಲೊಬ್ಬ ಆಟಗಾರ ತನ್ನ ವ್ಯಾಪಾರಿ ಪಾತ್ರಕ್ಕೆ ಹೀಗೆ ಬರೆದರು: "ರುದ್ರಯ್ಯನ ಎದೆಯಲ್ಲಿ ಹಳೆಯ ಬೆಂಕಿ ಮತ್ತೆ ಹೊತ್ತಿಕೊಂಡಿತು. ಅಣ್ಣನನ್ನು ಕಳೆದುಕೊಂಡ ಆ ರಾತ್ರಿ ಕಣ್ಣಮುಂದೆ ಬಂತು. ಈ ಮನೆಯವರೇ ಅದಕ್ಕೆ ಕಾರಣ ಎಂದು ಅವನಿಗೆ ಗೊತ್ತಿತ್ತು. ಅವನು ಮೌನವಾಗಿ ನಿಂತ."

ಆ ಕೋಣೆಯಲ್ಲಿ ಇನ್ನೂ ಮೂವರಿದ್ದರು. ಅವರು ಏನು ಮಾಡಬೇಕು ಹೇಳಿ? ಅವರ ಪಾತ್ರಗಳಿಗೆ ಕಾಣುವುದು ಸುಮ್ನೆ ನಿಂತ ಒಬ್ಬ ಮನುಷ್ಯ. ಬೆಂಕಿ, ರಾತ್ರಿ, ಅಣ್ಣ ಯಾವುದೂ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಪಾತ್ರಗಳಿಗೆ ಕಾಣದ್ದು ಆಟಗಾರರಿಗೆ ಕಂಡುಬಿಟ್ಟಿದೆ. ಇನ್ನು ಅವರಿಗೆ ರುದ್ರಯ್ಯನ ಗುಟ್ಟನ್ನು ತಾವಾಗಿ ಪತ್ತೆ ಮಾಡುವ ಸುಖ ಇಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ನಟಿಸಬೇಕು. ಮೂವರೂ ಒಂದೊಂದು ಸಾಲು ಬರೆದರು. ಮೂರರಲ್ಲೂ ಯಾರೋ ಕಿಟಕಿಯಾಚೆ ನೋಡುತ್ತಿದ್ದರು.

ರುದ್ರಯ್ಯನನ್ನು ಆಡುವವರಿಗೆ ನಾನು ಇನ್ನೊಮ್ಮೆ ಬರೆಯಿರಿ ಅಂದೆ. ಒಂದೇ ಷರತ್ತು. ಕೋಣೆಯಲ್ಲಿ ಕೂತವರಿಗೆ ಕಾಣುವುದು, ಕೇಳುವುದು ಮಾತ್ರ ಇರಬೇಕು. ಸ್ವಲ್ಪ ಮುನಿಸಿಕೊಂಡರು. ಆಮೇಲೆ ಬಂದದ್ದು ಇದು: "ರುದ್ರಯ್ಯ ಎಲೆಯಡಿಕೆ ತಟ್ಟೆಯನ್ನು ಬೆರಳಿನಿಂದ ಆಚೆ ತಳ್ಳಿದ. 'ಈ ಮನೇಲಿ ನಾನು ಏನೂ ಮುಟ್ಟಲ್ಲ.' ಆದರೆ ಏಳಲಿಲ್ಲ."

ನೋಡಿ, ಈಗ ಮನೆಯ ಯಜಮಾನಿಗೆ ಅವಮಾನವಾಗಿದೆ. ಯಾಕೆ ಅಂತ ಅವಳು ಕೇಳಲೇಬೇಕು, ಅಥವಾ ಕೇಳದೆ ತಟ್ಟೆ ಒಳಗೆ ಕಳಿಸಿ ಆ ಅವಮಾನವನ್ನು ಹಿಂತಿರುಗಿಸಬೇಕು. ಪಕ್ಕದಲ್ಲಿದ್ದವನಿಗೆ ಅನುಮಾನ ಬಂದಿದೆ. ತಿನ್ನದವನು ಎದ್ದು ಯಾಕೆ ಹೋಗಲಿಲ್ಲ? ಮೊದಲನೆಯ ಆವೃತ್ತಿಯ ಬೆಂಕಿ ಇಲ್ಲೂ ಇದೆ. ಅದು ಅವರಿಗೂ ತಾಗುತ್ತಿದೆ, ಅಷ್ಟೇ ವ್ಯತ್ಯಾಸ.

ಇದು ನಾನು ಕಂಡುಹಿಡಿದ ಸೂತ್ರವೇನಲ್ಲ. ಈ ಆಟಗಳ ಯಂತ್ರದೊಳಗೇ ಇದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಮಡ್ ಎಂಬ ಆಟ ಬರೆಯಲು ಶುರುಮಾಡಿದರು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಚಿತ್ರವಿಲ್ಲ, ಬರೀ ಅಕ್ಷರ. ಒಂದೇ ಲೋಕದೊಳಗೆ ಹಲವರು ಒಟ್ಟಿಗೆ. ಮುಂದೆ 1989ರಲ್ಲಿ ಟೈನಿಮಡ್ ಬಂತು. ರಾಕ್ಷಸರನ್ನು ಕೊಂದು ಅಂಕ ಗಳಿಸುವುದು ಹಿಂದೆ ಸರಿದು, ಮಾತು, ಕಥೆ, ಕೋಣೆ ಕಟ್ಟುವುದು ಮುಂದೆ ಬಂತು. ಅಂಥ ಆಟಗಳಲ್ಲಿ ಕೋಲನ್ ಒತ್ತಿ ಒಂದು ಕ್ರಿಯೆ ಬರೆದರೆ ಅದು ನಿಮ್ಮ ಪಾತ್ರದ ಹೆಸರಿನ ಜೊತೆ ಸೇರಿ ಆ ಕೋಣೆಯಲ್ಲಿರುವ ಎಲ್ಲರಿಗೂ ಹೋಗುತ್ತದೆ. ಇವತ್ತು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ನಕ್ಷತ್ರ ಚಿಹ್ನೆಗಳ ನಡುವೆ ನೀವು ಬರೆಯುವುದು ಅದರ ಮೊಮ್ಮಗು. ಕೋಣೆಯಲ್ಲಿರುವ ಎಲ್ಲರಿಗೂ ಹೋಗುತ್ತದೆ ಅನ್ನುವುದನ್ನೇ ಜನ ಮರೆಯುವುದು.

ಒಳಮನಸ್ಸೇ ಬೇಡ ಅಂತ ನಾನು ಹೇಳುತ್ತಿಲ್ಲ. ಆರ್ಮಗೆಡ್ಡನ್ ಎಂಬ, ಮಡ್ ಜಾತಿಯದೇ ಹಳೆಯ ಆಟ ಇದೆ. ಪಾತ್ರದಲ್ಲೇ ಇರಬೇಕು ಅನ್ನುವುದು ಅಲ್ಲಿ ಕಡ್ಡಾಯ. ಪಾತ್ರ ಸತ್ತರೆ ಸತ್ತಂತೆಯೇ. ಎದುರಿಗೆ ಬಂದವರ ಹೆಸರೂ ಕಾಣುವುದಿಲ್ಲ. ಉದ್ದನೆಯ, ಗಾಯದ ಕಲೆಯ ಗಂಡಸು ಅನ್ನುವಂಥ ವರ್ಣನೆ ಮಾತ್ರ. ಅಲ್ಲಿ ಪಾತ್ರದ ಯೋಚನೆಯನ್ನು ಬರೆಯಲು ಬೇರೆಯೇ ಒಂದು ಆಜ್ಞೆ ಇದೆ. ಅದು ಪಕ್ಕದಲ್ಲಿ ನಿಂತ ಸಾಮಾನ್ಯ ಪಾತ್ರಗಳಿಗೆ ಕಾಣುವುದಿಲ್ಲ, ಆಟ ನಡೆಸುವವರಿಗೆ ಕಾಣುತ್ತದೆ. ಆ ಏರ್ಪಾಡು ನನಗೆ ತುಂಬ ಹಿಡಿಸಿತು. ಯೋಚನೆ ಇರಲಿ, ಬರೆಯಿರಿ, ಆದರೆ ಎಲ್ಲರ ಮುಂದೆ ಸುರಿಯಬೇಡಿ. ನನ್ನ ಗುಂಪಿನಲ್ಲಿ ಆಟಗಾರರು ಒಳಗಿನದನ್ನು ನನಗೊಬ್ಬರಿಗೆ ಖಾಸಗಿಯಾಗಿ ಕಳಿಸುತ್ತಾರೆ.

ಇನ್ನೊಂದು ಎಚ್ಚರಿಕೆ. ಇಬ್ಬರೇ ಸೇರಿ ಕಾದಂಬರಿಯಂತೆ ಪುಟಗಟ್ಟಲೆ ಬರೆಯುವವರಿದ್ದಾರೆ. ಅವರಿಗೆ ಒಳಮನಸ್ಸು ಓದುವುದರಲ್ಲೇ ಮಜಾ. ಇಬ್ಬರಿಗೂ ಒಪ್ಪಿಗೆಯಿದ್ದರೆ ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ಮೂರು, ನಾಲ್ಕು ಜನ ಸೇರಿದ ಆಟಗಳ ಬಗ್ಗೆ.

ಕನ್ನಡದವರಿಗೆ ಇದನ್ನು ವಿವರಿಸುವುದು ಸುಲಭವಾಗಬೇಕಿತ್ತು. ನಮ್ಮಲ್ಲಿ ಯಕ್ಷಗಾನದ ತಾಳಮದ್ದಳೆ ಇದೆಯಲ್ಲ. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಪಂಚೆ ಉಟ್ಟು ಕೂತ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ಭಾಗವತರು ಪದ ಹೇಳಿ ನಿಲ್ಲಿಸಿದ ಕೂಡಲೇ ವಾಲಿಯಾಗುತ್ತಾನೆ. ಮಾತು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಬೇಕು. ಪಾತ್ರ ಬರೀ ಮಾತಿನಲ್ಲೇ ಇರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯ ಧ್ವನಿಮುದ್ರಣಗಳನ್ನು ನಾನು ನನ್ನ ಆಟಗಾರರಿಗೆ ಕೇಳಿಸುತ್ತೇನೆ. ಬೆಂಗಳೂರಿನ ಐಟಿ ಹುಡುಗರು ಮೊದಲು ತಬ್ಬಿಬ್ಬಾಗುತ್ತಾರೆ, ಆಮೇಲೆ ಇನ್ನೊಂದು ಲಿಂಕ್ ಕಳಿಸಿ ಅನ್ನುತ್ತಾರೆ.

ವಾಲಿವಧೆಯನ್ನೇ ತಗೊಳ್ಳಿ. ಎದೆಗೆ ಬಾಣ ನೆಟ್ಟಿದೆ. ವಾಲಿ ಸಾಯುತ್ತಾನೆ ಅಂತ ಸಭೆಗೆ ಗೊತ್ತು, ರಾಮನಾಗಿ ಕೂತವನಿಗೂ ಗೊತ್ತು. ಆದರೂ ಗಂಟೆಗಟ್ಟಲೆ ಜನ ಕೂತು ಕೇಳುತ್ತಾರೆ. ಯಾಕೆಂದರೆ ವಾಲಿ ತನಗೆ ಎಷ್ಟು ನೋವಾಗಿದೆ ಎಂದು ವರ್ಣಿಸುತ್ತ ಕೂರುವುದಿಲ್ಲ. ಪ್ರಶ್ನೆ ಕೇಳುತ್ತಾನೆ. ನನಗೂ ನಿನಗೂ ಏನು ವೈರ? ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮ ಉತ್ತರಿಸಲೇಬೇಕು. ಆ ಉತ್ತರ ವಾಲಿಗೆ ಎಲ್ಲಿ ತಾಗಿತು ಅನ್ನುವುದು ಅವನ ಮುಂದಿನ ಮಾತಿನಲ್ಲಿ ಕಾಣಬೇಕು. ತಾಳಮದ್ದಳೆಯಲ್ಲಿ ಕೆಟ್ಟ ಅರ್ಥಧಾರಿ ಯಾರು ಅಂತ ಹಳಬರನ್ನು ಕೇಳಿ ನೋಡಿ. ಪಾಂಡಿತ್ಯ ಕಡಿಮೆ ಇದ್ದವನನ್ನು ಅವರು ಕ್ಷಮಿಸುತ್ತಾರೆ. ಎದುರಿನವನಿಗೆ ಮಾತಿಗೆ ಜಾಗ ಬಿಡದವನನ್ನು ಕ್ಷಮಿಸುವುದಿಲ್ಲ.

ಆಳ ಅನ್ನುವುದು ಎಲ್ಲಿಂದ ಬರುತ್ತದೆ ಎಂದು ತೋರಿಸಲು ನಾನು ಈಗ ಒಂದು ಪಾತ್ರದ ಕಥೆಯನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ಆಟಗಾರರ ಒಪ್ಪಿಗೆ ಇದೆ. ಅದೇ ಬಿದನೂರಿನ ಆಟ. ದುಬೈಯಲ್ಲಿರುವ ಒಬ್ಬರು ಸೇರಿದರು. ಮೊದಲ ಸಲ ಆಡುವವರು. ಪಿಡಿಎಫ್ ಕಳಿಸಲಿಲ್ಲ. ಕಳಿಸಿದ್ದು ಇಷ್ಟೇ: ಸುಂಕದ ಕಟ್ಟೆಯಲ್ಲಿ ಲೆಕ್ಕ ಬರೆಯುವವನು, ಸೋದರಳಿಯನ ಸಾಲ ತೀರಿಸಬೇಕು, ಕಣ್ಣು ಮಂಜಾಗುತ್ತಿದೆ, ಯಾರಿಗೂ ಹೇಳಿಲ್ಲ.

ಕಣ್ಣು ಕಾಣುವುದಿಲ್ಲ ಎಂದು ಅವರು ಆಟದಲ್ಲಿ ಒಮ್ಮೆಯೂ ಬರೆಯಲಿಲ್ಲ. ಆಗ ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಸಿ, ಬಳಪದಲ್ಲಿ ಬರೆಯುವ ಪುಸ್ತಕ. ಇವರ ಲೆಕ್ಕದವನು ಕಡತವನ್ನು ಬಾಗಿಲ ಬೆಳಕಿಗೆ ಒಯ್ಯುತ್ತಿದ್ದ. ಬಳಪವನ್ನು ಜಾಸ್ತಿ ಒತ್ತಿ ಬರೆಯುತ್ತಿದ್ದ. ಗುರುತಿನವರು ಬಂದರೂ ಅವರು ಮಾತಾಡುವವರೆಗೆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಉಳಿದವರು ಇದನ್ನು ಗಮನಿಸಲು ಕೆಲವು ವಾರ ಬೇಕಾಯಿತು. ಮೊದಲು ಗಮನಿಸಿದವಳು ಮೆಣಸಿನ ವ್ಯಾಪಾರಿ ಚೆನ್ನವ್ವ. ಒಂದು ಸಂಜೆ ಅವಳು ಅರವತ್ತು ಮೂಟೆ ತಂದು, ಕಟ್ಟೆಯ ಮುಂದೆ ನಿಲ್ಲಿಸಿ, "ನಲವತ್ತು" ಎಂದಳು. ಹೇಳಿ ಸುಮ್ಮನಾದಳು.

ಮೂಟೆ ಅರವತ್ತು ಎಂದು ಪರದೆಯ ಮೇಲೆ ಅಕ್ಷರದಲ್ಲೇ ಇದೆ. ಲೆಕ್ಕದವನನ್ನು ಆಡುತ್ತಿರುವವರಿಗೆ ಕಂಡಿದೆ. ಪಾತ್ರಕ್ಕೆ ಕಂಡಿಲ್ಲ. ನಾವೆಲ್ಲ ಕಾಯುತ್ತಿದ್ದೆವು. ಅವರು ಬರೆದದ್ದು: "ತಲೆ ಎತ್ತದೆ ನಲವತ್ತು ಎಂದು ಬರೆದುಕೊಂಡ. ಆಮೇಲೆ ಕೇಳಿದ, 'ನಿಮ್ಮ ಎತ್ತುಗಳು ಇವತ್ತು ಯಾಕೆ ಇಷ್ಟು ಏದುಸಿರು ಬಿಡ್ತಿವೆ, ಚೆನ್ನವ್ವ?'"

ಕಣ್ಣಿಲ್ಲದಿದ್ದರೇನು, ಕಿವಿ ಇದೆ. ಗುಂಪಿನಲ್ಲಿ ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಇಲ್ಲಿ ಆ ಆಟಗಾರರು ತಮಗೆ ಗೊತ್ತಿರುವುದನ್ನೂ ಪಾತ್ರಕ್ಕೆ ಗೊತ್ತಿರುವುದನ್ನೂ ಬೇರೆ ಬೇರೆ ಇಟ್ಟರು. ಗೊತ್ತಿಲ್ಲದಿರುವುದನ್ನೇ ಪಾತ್ರದ ಬಲ ಮಾಡಿಕೊಂಡರು. ಇದು ಎಲ್ಲರಿಂದಲೂ ಆಗುವುದಿಲ್ಲ. ಹೈದರಾಲಿ 1763ರ ಜನವರಿಯಲ್ಲಿ ಬಿದನೂರನ್ನು ಹಿಡಿಯುತ್ತಾನೆ ಎಂದು ಆಟಗಾರರೆಲ್ಲರಿಗೂ ಗೊತ್ತು. ಹಾಗಾಗಿ ಯಾರೋ ಒಬ್ಬರ ಪಾತ್ರಕ್ಕೆ ದೀಪಾವಳಿ ಕಳೆಯುತ್ತಿದ್ದಂತೆ ಇದ್ದಕ್ಕಿದ್ದಂತೆ ಮನೆ, ಜಮೀನು ಎಲ್ಲ ಮಾರಿ ಬಸ್ರೂರಿಗೆ ಹೋಗುವ ಆಸೆ ಬರುತ್ತದೆ. "ಸುಮ್ನೆ, ಸಮುದ್ರದ ಗಾಳಿಗೆ" ಅಂತ ಕಾರಣ ಕೊಡುತ್ತಾರೆ. ಸಮುದ್ರದ ಗಾಳಿಯಂತೆ! ನಾನು ನಕ್ಕು ಬಿಟ್ಟುಬಿಡುತ್ತೇನೆ. ಆದರೆ ಆ ಪಾತ್ರ ಅಲ್ಲಿಗೆ ಸತ್ತಿತು. ಬರಲಿರುವುದನ್ನು ಅರಿಯದೆ ಮಗಳ ಮದುವೆಗೆ ಮಾಘದಲ್ಲಿ ಮುಹೂರ್ತ ಇಡಿಸುವವಳೇ ನಮ್ಮನ್ನು ಅಳಿಸುವುದು.

ಎದುರಿನವರ ಪ್ರತಿಕ್ರಿಯೆಯನ್ನು ನೀವೇ ಬರೆಯಬೇಡಿ ಅನ್ನುವುದು ಎಲ್ಲರಿಗೂ ಗೊತ್ತಿರುವ ನಿಯಮ, ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಇತ್ತೀಚೆಗೆ ಎಐ ಬಾಟ್‌ಗಳ ಜೊತೆ ಆಡಿ ಬಂದವರಲ್ಲಿ ಈ ಚಟ ಹೆಚ್ಚು ಕಾಣುತ್ತಿದೆ. "ಅವನನ್ನು ಗೋಡೆಗೆ ನೂಕಿದೆ, ಅವನು ಹೆದರಿ ಎಲ್ಲಾ ಹೇಳಿಬಿಟ್ಟ" ಎಂದರೆ ಬಾಟ್ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ. ಮನುಷ್ಯರು ಒಪ್ಪುವುದಿಲ್ಲ, ಒಪ್ಪಬಾರದು. ಅಭ್ಯಾಸಕ್ಕೆ ಬಾಟ್ ಪರವಾಗಿಲ್ಲ ಅನ್ನಬಹುದು, ಆದರೆ ಎದುರಿನವರಿಂದ ಬದಲಾಗುವುದನ್ನು ಅಲ್ಲಿ ಕಲಿಯುವುದು ಕಷ್ಟ.

ಕನ್ನಡದಲ್ಲಿ ಆಡುವವರಿಗೆ ಒಂದು ಪುಕ್ಕಟೆ ಆಯುಧ ಇದೆ, ಅದನ್ನು ಯಾರೂ ಬಳಸುವುದಿಲ್ಲ. ನೀನು, ನೀವು. ಇಂಗ್ಲಿಷಿನಲ್ಲಿ ಆಡಿ ರೂಢಿಯಾದವರು ಎಲ್ಲರಿಗೂ ನೀನು ಅನ್ನುತ್ತಾರೆ, ಇಲ್ಲವೇ ಎಲ್ಲರಿಗೂ ನೀವು. ಆರು ತಿಂಗಳು ನೀವು ಎನ್ನುತ್ತಿದ್ದವನು ಒಂದು ದಿನ ನೀನು ಅಂದರೆ ಕೋಣೆ ತಿರುಗಿ ನೋಡುತ್ತದೆ. ವಿಶೇಷಣವೇ ಬೇಕಿಲ್ಲ. ಹಾಗೆಯೇ ಭಾಷೆಯ ಸೊಗಡು. ಉತ್ತರ ಕರ್ನಾಟಕದ ಪಾತ್ರ ಅಂದ ತಕ್ಷಣ ಪ್ರತಿ ಪದಕ್ಕೂ ರೀ ಅಂಟಿಸುವವರನ್ನು ಕಂಡರೆ ಧಾರವಾಡದ ನನ್ನ ಆಟಗಾರರು ಗುಂಪು ಬಿಡುವ ಬೆದರಿಕೆ ಹಾಕುತ್ತಾರೆ. ಗೊತ್ತಿಲ್ಲದ ಸೊಗಡಿಗಿಂತ ನಿಮಗೆ ಬರುವ ಸಾದಾ ಕನ್ನಡವೇ ವಾಸಿ.

ಇನ್ನು ಆಳಕ್ಕೆ ಇಳಿದ ಮೇಲಿನ ಮಾತು. ಪಾತ್ರದ ಸಿಟ್ಟು ನಿಮಗೆ ಅಂಟಿಕೊಳ್ಳುವುದು, ನಿಮ್ಮ ಸಿಟ್ಟು ಪಾತ್ರಕ್ಕೆ ಅಂಟಿಕೊಳ್ಳುವುದು ಎರಡೂ ಆಗುತ್ತದೆ. ಲಾರ್ಪ್, ಅಂದರೆ ಪಾತ್ರವಾಗಿ ನಿಜವಾಗಿಯೇ ಓಡಾಡಿ ಆಡುವ ಆಟ, ಆಡುವವರು ಇದಕ್ಕೆ ಬ್ಲೀಡ್ ಅನ್ನುತ್ತಾರೆ. ಸ್ವಲ್ಪ ಅಂಟಿದರೆ ತಪ್ಪಿಲ್ಲ, ಅದಕ್ಕೇ ತಾನೇ ಆಡುವುದು. ನಿದ್ದೆ ಕೆಡುತ್ತಿದ್ದರೆ, ಹಗಲು ಕೆಲಸದ ಮಧ್ಯೆ ಆಟದ ಜಗಳವೇ ತಲೆಯಲ್ಲಿ ಸುತ್ತುತ್ತಿದ್ದರೆ ಕೆಲವು ದಿನ ಬಿಡಿ. ನಾನು ಮನೋವೈದ್ಯರಲ್ಲ. ಅದಕ್ಕಿಂತ ಹೆಚ್ಚಿನದ್ದೇನಾದರೂ ಇದ್ದರೆ ಅವರ ಬಳಿಯೇ ಹೋಗಬೇಕು. ನನ್ನ ಕೈಲಾಗುವುದು ಇಷ್ಟು. ಯಾರಿಗೇ ಆಗಲಿ ಒಂದು ದೃಶ್ಯ ಬೇಡ ಅನ್ನಿಸಿದರೆ ಇದು ಪಾತ್ರದ ಮಾತಲ್ಲ, ನನ್ನದು ಅನ್ನುವ ಗುರುತಿಗೆ ಜೋಡಿ ಆವರಣ ಹಾಕಿ "ನಿಲ್ಲಿಸೋಣ" ಅಂದರೆ ಸಾಕು, ಕಾರಣ ಕೇಳುವುದಿಲ್ಲ.

ಚೆನ್ನವ್ವ ಮತ್ತು ಲೆಕ್ಕದವನ ವಿಷಯದಲ್ಲೂ ಒಂದು ಸಲ ಹೀಗಾಯಿತು. ಅವಳು ಅವನ ಕಣ್ಣಿನ ಸಂಗತಿಯನ್ನು ಅಲ್ಲಿನ ಮೇಲಧಿಕಾರಿಯಾದ ಪಾರುಪತ್ಯಗಾರನ ಮುಂದೆ ಹೇಳಿಬಿಟ್ಟಳು. ಆಟದಲ್ಲಿ ಅದು ಸರಿಯಾದ ನಡೆ. ಆದರೆ ದುಬೈಯವರು ಎರಡು ದಿನ ಗುಂಪಿಗೇ ಬರಲಿಲ್ಲ. ನಾನು ಇಬ್ಬರಿಗೂ ಸಂದೇಶ ಕಳಿಸಿ, ಬರೆಯಬೇಡಿ, ಫೋನ್ ಮಾಡಿ ಮಾತಾಡಿ ಅಂದೆ. ಮಾತಾಡಿದರು. ಚೆನ್ನವ್ವನನ್ನು ಆಡುವವರು ಕ್ಷಮೆ ಕೇಳಲು ಹೋದರೆ, ದುಬೈಯವರು ಬೇಡವೇ ಬೇಡ ಅಂದರಂತೆ. "ನನಗೆ ಬೇಜಾರಾದದ್ದು ನಿಜ, ಆದರೆ ನೀವು ಮಾಡಿದ್ದನ್ನು ಹಿಂದೆ ತೆಗೆದುಕೊಳ್ಳಬೇಡಿ, ನನ್ನ ಹತ್ತಿರ ಉತ್ತರ ಇದೆ" ಅಂದರಂತೆ. ಮುಂದಿನ ಶನಿವಾರ ಲೆಕ್ಕದವನು ಕಟ್ಟೆಗೆ ಬಂದ. ಚೆನ್ನವ್ವನಿಗೆ ಮೊದಲ ಸಲ ನೀನು ಅಂದ.