ಬಿಂದು ಕೆಳಕ್ಕೆ, ಕುಂಡಲಿನಿ ಮೇಲಕ್ಕೆ: ಹಠಪ್ರದೀಪಿಕೆಯ ಮೂರನೇ ಅಧ್ಯಾಯದ ಟಿಪ್ಪಣಿ

ಹಠಯೋಗದ ಸಂಸ್ಕೃತ ಗ್ರಂಥವಾದ ಹಠಪ್ರದೀಪಿಕೆಯಲ್ಲಿ ನಾಲ್ಕು ಅಧ್ಯಾಯಗಳಿವೆ: ಆಸನ, ಪ್ರಾಣಾಯಾಮ, ಮುದ್ರೆ (ಇಲ್ಲಿ ಬರೀ ಕೈಸನ್ನೆಯಲ್ಲ, ದೇಹ ಮತ್ತು ಉಸಿರನ್ನು ಬಿಗಿಹಿಡಿಯುವ ಕ್ರಮ), ಸಮಾಧಿ. ಮೊದಲೆರಡು ಸಲೀಸಾಗಿ ಸಾಗುತ್ತವೆ. ತಲೆ ಕೆಡುವುದು ಮೂರನೆಯದರಲ್ಲಿ. ಒಂದು ಶ್ಲೋಕ ಅಮೃತ ಕೆಳಗೆ ಬೀಳದಂತೆ ತಡೆ ಅನ್ನುತ್ತದೆ. ಇನ್ನೊಂದು ಕುಂಡಲಿನಿಯನ್ನು, ಅಂದರೆ ದೇಹದ ಬುಡದಲ್ಲಿ ಹಾವಿನಂತೆ ಮಲಗಿರುವ ಶಕ್ತಿಯನ್ನು, ಎಬ್ಬಿಸಿ ಮೇಲಕ್ಕೆ ಕಳಿಸು ಅನ್ನುತ್ತದೆ. ಎರಡಕ್ಕೂ ಹೆಚ್ಚುಕಮ್ಮಿ ಅವೇ ಮುದ್ರೆಗಳು! ಈ ಟಿಪ್ಪಣಿಯ ಮುಕ್ಕಾಲು ಪಾಲು ಈ ಗಂಟನ್ನು ಬಿಡಿಸುವುದಕ್ಕೇ ಹೋಗುತ್ತದೆ.

ಹಿನ್ನೆಲೆ, ಚಿಕ್ಕದಾಗಿ

ಪತಂಜಲಿಯ ಯೋಗಸೂತ್ರದಲ್ಲಿ ಆಸನಕ್ಕೆ ಸಿಕ್ಕಿರುವುದು ಮೂರೇ ಸೂತ್ರ. ಅಲ್ಲಿ ಮುದ್ರೆ, ಬಂಧ (ದೇಹದ ಒಂದು ಭಾಗವನ್ನು ಬಿಗಿಹಿಡಿಯುವುದು), ಕುಂಡಲಿನಿ ಯಾವುದೂ ಇಲ್ಲ. ಹಠಯೋಗದ ಮುಖ್ಯ ಮುದ್ರೆಗಳು ಮೊದಲು ಕಾಣುವುದು ಸುಮಾರು 11ನೇ ಶತಮಾನದ 'ಅಮೃತಸಿದ್ಧಿ'ಯಲ್ಲಿ. ಅದು ಹುಟ್ಟಿದ್ದು ಬೌದ್ಧ ತಾಂತ್ರಿಕರ ನಡುವೆ. ಆದರೆ ಅದು ತನ್ನ ಸಾಧನೆಗೆ ಹಠಯೋಗ ಅನ್ನುವ ಹೆಸರು ಕೊಡುವುದಿಲ್ಲ. ಆ ಹೆಸರಿಟ್ಟು ಕ್ರಮವಾಗಿ ಕಲಿಸುವುದು ಸುಮಾರು 13ನೇ ಶತಮಾನದ 'ದತ್ತಾತ್ರೇಯ ಯೋಗಶಾಸ್ತ್ರ'. ಬ್ರಾಹ್ಮಣ, ಬೌದ್ಧ, ಜೈನ, ತಲೆಬುರುಡೆ ಹಿಡಿದ ಕಾಪಾಲಿಕ, ಕೊನೆಗೆ ನಾಸ್ತಿಕ ಚಾರ್ವಾಕನಾದರೂ ಸರಿ, ಅಭ್ಯಾಸ ಮಾಡಿದವನಿಗೆ ಸಿದ್ಧಿ ಸಿಗುತ್ತದೆ ಅನ್ನುವುದು ಅದರ ನಿಲುವು. ನನಗಂತೂ ಬಹಳ ಹಿಡಿಸಿದ ಜಾಗ ಇದು.

15ನೇ ಶತಮಾನದಲ್ಲಿ ಸ್ವಾತ್ಮಾರಾಮ ಇಂಥ ಹಳೆಯ ಗ್ರಂಥಗಳಿಂದ ಶ್ಲೋಕಗಳನ್ನು ಆರಿಸಿ ಹಠಪ್ರದೀಪಿಕೆ ಕಟ್ಟಿದ. ನಮ್ಮ ಗೊಂದಲದ ಬೇರು ಇಲ್ಲಿದೆ. ಬೇರೆ ಬೇರೆ ಮೂಲದ ಶ್ಲೋಕಗಳು ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕ ಕೂತಿವೆ.

ಎರಡು ಲೆಕ್ಕಾಚಾರ

ಮೊದಲನೆಯದು ಬಿಂದುವಿನ ಲೆಕ್ಕ. ತಲೆಯಲ್ಲಿ ಚಂದ್ರ ಇದ್ದಾನೆ. ಅವನಿಂದ ಅಮೃತ ತೊಟ್ಟಿಕ್ಕುತ್ತಿರುತ್ತದೆ, ಆ ತೊಟ್ಟೇ ಬಿಂದು. ಕೆಳಗೆ, ಹೊಟ್ಟೆಯ ಭಾಗದಲ್ಲಿ, ಸೂರ್ಯ ಇದ್ದಾನೆ. ಬಿದ್ದದ್ದನ್ನೆಲ್ಲ ಅವನು ಸುಟ್ಟು ತಿನ್ನುತ್ತಾನೆ. ದೇಹಕ್ಕೆ ಮುಪ್ಪು ಬರುವುದು ಇದರಿಂದಲೇ. ತಾರಸಿಯ ಟ್ಯಾಂಕ್ ಸೋರಿ ನೀರು ಕೆಳಗಿನ ಒಲೆಗೆ ಬೀಳುತ್ತಿದೆ ಅಂದುಕೊಳ್ಳಿ. ಮಾಡಬೇಕಾದ್ದು ಎರಡೇ: ಸೋರಿಕೆ ಮುಚ್ಚಬೇಕು, ಇಲ್ಲವೇ ಟ್ಯಾಂಕನ್ನೂ ಒಲೆಯನ್ನೂ ಅದಲುಬದಲು ಮಾಡಬೇಕು.

ವಿಪರೀತಕರಣಿ ಅದಲುಬದಲು ಮಾಡುವ ಉಪಾಯ. ನಾಭಿ ಮೇಲೆ, ಅಂಗುಳು ಕೆಳಗೆ. ಆಗ ಸೂರ್ಯ ಮೇಲಾಗುತ್ತಾನೆ, ಚಂದ್ರ ಕೆಳಗಾಗುತ್ತಾನೆ. ಆರು ತಿಂಗಳಲ್ಲಿ ಸುಕ್ಕೂ ನರೆಗೂದಲೂ ಮಾಯ ಅನ್ನುತ್ತದೆ ಗ್ರಂಥ. ಜೊತೆಗೆ ಒಂದು ಎಚ್ಚರಿಕೆ: ಇದರಿಂದ ಜಠರಾಗ್ನಿ ಜಾಸ್ತಿಯಾಗುತ್ತದೆ, ಹೊಟ್ಟೆ ತುಂಬ ಊಟ ಮಾಡಬೇಕು, ಇಲ್ಲದಿದ್ದರೆ ಅಗ್ನಿ ದೇಹವನ್ನೇ ಸುಡುತ್ತದೆ. ಮೊದಲ ಅಧ್ಯಾಯದಲ್ಲಿ ಹೊಟ್ಟೆಯ ಕಾಲು ಭಾಗ ಖಾಲಿ ಬಿಡು ಅಂದ ಪುಸ್ತಕ ಇದೇ ಅಲ್ವಾ! ಲೆಕ್ಕ ಗೊತ್ತಿದ್ದರೆ ಇದು ಗಾಬರಿ ಹುಟ್ಟಿಸುವುದಿಲ್ಲ. ಅಮೃತ ಬೀಳುವುದು ನಿಂತ ಮೇಲೆ ಸೂರ್ಯನಿಗೆ ಬೇರೆ ಆಹಾರ ಕೊಡಲೇಬೇಕು.

ಎರಡನೆಯದು ಕುಂಡಲಿನಿಯ ಲೆಕ್ಕ. ಇದು ಶೈವ ತಂತ್ರದ ಕಡೆಯಿಂದ ಬಂದದ್ದು. ಬೆನ್ನಿನ ಬುಡದಲ್ಲಿ ಶಕ್ತಿ ಸುಷುಮ್ನಾ ನಾಡಿಯ (ದೇಹದ ನಡುವೆ ಮೇಲಕ್ಕೆ ಹೋಗುವ ದಾರಿಯ) ಬಾಗಿಲಿಗೆ ಬಾಯಿ ಒತ್ತಿಕೊಂಡು ಮಲಗಿದೆ. ಅದನ್ನು ಎಬ್ಬಿಸಿ ಮೇಲೇರಿಸಬೇಕು. ಇಲ್ಲಿ ತಡೆಯುವ ಮಾತಿಲ್ಲ, ಏರಿಸುವ ಮಾತು.

ಈಗ ಮಹಾಮುದ್ರೆ ನೋಡಿ. ಎಡ ಹಿಮ್ಮಡಿಯಿಂದ ಸೀವನಿಯನ್ನು (ಗುದ ಮತ್ತು ಜನನಾಂಗದ ನಡುವಿನ ಜಾಗವನ್ನು) ಒತ್ತಬೇಕು. ಬಲಗಾಲು ಚಾಚಿ ಪಾದವನ್ನು ಎರಡೂ ಕೈಯಿಂದ ಹಿಡಿಯಬೇಕು. ಕಂಠಬಂಧ ಹಾಕಿ, ಅಂದರೆ ಗಂಟಲು ಬಿಗಿದು, ಉಸಿರು ನಿಲ್ಲಿಸಬೇಕು. ಅಮೃತಸಿದ್ಧಿಯಲ್ಲಿ ಇದೇ ಮುದ್ರೆ ಬಿಂದುವನ್ನು ಕಾಯುವುದಕ್ಕೆ. ಹಠಪ್ರದೀಪಿಕೆಯಲ್ಲಿ ಇದರಿಂದ ಕುಂಡಲಿನಿ ಕೋಲಿನ ಏಟು ತಿಂದ ಹಾವಿನಂತೆ ನೆಟ್ಟಗಾಗುತ್ತದೆ. ದೇಹದ ಕೆಲಸ ಬದಲಾಗಿಲ್ಲ, ಅದಕ್ಕೆ ಕೊಟ್ಟ ಕಾರಣ ಬದಲಾಗಿದೆ. ಇಷ್ಟು ತಲೆಗೆ ಹೋದರೆ ಅಧ್ಯಾಯದ ಅರ್ಧ ಬಿಡಿಸಿದ ಹಾಗೆ.

ಖೇಚರಿ ಇನ್ನೂ ಕಷ್ಟ. ನಾಲಗೆಯನ್ನು ಹಿಂದಕ್ಕೆ ಮಡಚಿ ಅಂಗುಳಿನ ಮೇಲಿನ ರಂಧ್ರಕ್ಕೆ ಸೇರಿಸುವ ಮುದ್ರೆ ಇದು. ಅದಕ್ಕಾಗಿ ನಾಲಗೆಯ ಕೆಳಗಿನ ಪೊರೆಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುವ ವಿಧಾನವನ್ನೂ ಹೇಳಿದ್ದಾರೆ. ಅದನ್ನು ಓದಿ ಬಿಡಿ, ಮಾಡಲು ಹೋಗಬೇಡಿ. ಬಿಂದುವಿನ ಲೆಕ್ಕದಲ್ಲಿ ನಾಲಗೆ ಒಂದು ಮುಚ್ಚಳ. ಅದು ಸೋರಿಕೆ ತಡೆಯುತ್ತದೆ. ಕುಂಡಲಿನಿಯ ಲೆಕ್ಕದಲ್ಲಿ ಪೂರ್ತಿ ಉಲ್ಟಾ: ಏರಿದ ಶಕ್ತಿ ಮೇಲಿನ ಅಮೃತವನ್ನು ತಲುಪುತ್ತದೆ, ಅಮೃತ ಹರಿದು ಮೈಯೆಲ್ಲ ತೋಯಬೇಕು. ತಡೆಯಬೇಕೋ ಹರಿಸಬೇಕೋ? ಸ್ವಾತ್ಮಾರಾಮ ಇದನ್ನು ತೀರ್ಮಾನಿಸಲು ಹೋಗಲಿಲ್ಲ. ಎರಡನ್ನೂ ಇಟ್ಟುಕೊಂಡ.

ಹಾಗಾಗಿ ನಾನು ಪಾಲಿಸುವ ಸುಲಭದ ದಾರಿ: ಪ್ರತಿ ಶ್ಲೋಕದ ಪಕ್ಕ ಪೆನ್ಸಿಲಿನಲ್ಲಿ ಒಂದು ಬಾಣ. ಏನಾದರೂ ಬೀಳುವುದನ್ನು ತಡೆಯುತ್ತಿದ್ದರೆ ಕೆಳಬಾಣ. ಏನಾದರೂ ಏರುತ್ತಿದ್ದರೆ ಮೇಲ್ಬಾಣ. ಮೂರು ಬಂಧಗಳ ಮೇಲೆ ಹಾಕಿ ನೋಡಿ. ಮೂಲಬಂಧ ಕೆಳಮುಖದ ವಾಯುವಾದ ಅಪಾನವನ್ನು ಮೇಲಕ್ಕೆ ತಳ್ಳುತ್ತದೆ. ಅದು ಅಗ್ನಿಯನ್ನು ಸೇರಿ ಬಿಸಿ ಹೆಚ್ಚಿ ಕುಂಡಲಿನಿ ಏಳುತ್ತದೆ: ಮೇಲ್ಬಾಣ. ಉಡ್ಡೀಯಾನ ಪ್ರಾಣವನ್ನು ಸುಷುಮ್ನೆಯಲ್ಲಿ ಹಾರಿಸುತ್ತದೆ: ಮೇಲ್ಬಾಣ. ಜಾಲಂಧರ ಅಮೃತ ಅಗ್ನಿಗೆ ಬೀಳದಂತೆ ಗಂಟಲಲ್ಲಿ ತಡೆಯುತ್ತದೆ: ಕೆಳಬಾಣ. ತರಗತಿಯಲ್ಲಿ ಮೂರನ್ನೂ ಒಟ್ಟಿಗೆ ಹಾಕಿಸುತ್ತಾರೆ, ಆದರೆ ಮೂರರ ಲೆಕ್ಕ ಒಂದೇ ಅಲ್ಲ.

ಅಭ್ಯಾಸದ ಬಗ್ಗೆ ಎರಡು ಮಾತು

ಗ್ರಂಥ ವಿವರಿಸುವ ಆಸನಗಳು 15 ಮಾತ್ರ. ಕುಂಭಕ (ಉಸಿರು ಹಿಡಿಯುವ ಕ್ರಮ) 8, ಮುದ್ರೆ 10. ಧೌತಿ, ನೇತಿ ಮುಂತಾದ ಷಟ್ಕರ್ಮ (ದೇಹ ಶುದ್ಧಿಯ ಆರು ಕ್ರಿಯೆಗಳು) ಎಲ್ಲರಿಗೂ ಅಲ್ಲ, ಕೊಬ್ಬು ಮತ್ತು ಕಫ ಜಾಸ್ತಿ ಇರುವವರಿಗೆ.  ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಉಸಿರನ್ನೂ ನಿಧಾನವಾಗಿ ಪಳಗಿಸಬೇಕು, ಅವಸರ ಮಾಡಿದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅನ್ನುವ ಮಾತೂ ಇದೆ.

ಆಸನಗಳ ಸಂಖ್ಯೆ ಬೆಳೆದದ್ದು ಆಮೇಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಮುಂದೆ 1930ರ ದಶಕದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಬಂತು, ಕನ್ನಡದಲ್ಲಿ.

ಅಲ್ಲಮ ಯಾಕೆ ಪಟ್ಟಿಯಲ್ಲಿದ್ದಾನೆ?

ಹಠಪ್ರದೀಪಿಕೆಯ ಆರಂಭದಲ್ಲಿ ಮಹಾಸಿದ್ಧರ ಪಟ್ಟಿ ಇದೆ. ನಾಥ ಪಂಥದ ಮತ್ಸ್ಯೇಂದ್ರ, ಗೋರಕ್ಷರ ಜೊತೆ ಅಲ್ಲಮ ಪ್ರಭುದೇವನ ಹೆಸರೂ ಇದೆ. ಇವರೆಲ್ಲ ಹಠಯೋಗದ ಬಲದಿಂದ ಕಾಲನನ್ನು ಗೆದ್ದವರಂತೆ. ಕನ್ನಡದವರಿಗೆ ಇದು ತಮಾಷೆಯಾಗಿ ಕಾಣದೇ ಇರದು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಇದೇ ಗೋರಕ್ಷ ತನ್ನ ವಜ್ರದಂಥ ದೇಹದ ಬಗ್ಗೆ ಜಂಬ ಪಡುತ್ತಾನೆ. ಅವನಿಗೆ ಕತ್ತಿ ಬೀಸಿದರೆ ಖಣಿಲ್ ಅನ್ನುತ್ತದೆ. ಅಲ್ಲಮನಿಗೆ ಬೀಸಿದರೆ ಕತ್ತಿ ಬಯಲಲ್ಲಿ ಆಡಿದಂತೆ ಹಾದುಹೋಗುತ್ತದೆ. ಬಿಂದುವಿನ ಲೆಕ್ಕಕ್ಕೆ ಬೇಕಾದದ್ದು ಮುಪ್ಪಿಲ್ಲದ ಗಟ್ಟಿ ದೇಹ. ಅಲ್ಲಮ ಅದನ್ನೇ ಪ್ರಶ್ನಿಸಿದವನು. ಹಾಗಂತ ಸ್ವಾತ್ಮಾರಾಮ ಪೂರ್ತಿ ಗೋರಕ್ಷನ ಕಡೆ ಅಂತಲೂ ಬರೆಯುವಂತಿಲ್ಲ. ರಾಜಯೋಗ, ಅಂದರೆ ಸಮಾಧಿ, ಅರಿಯದೆ ಬರೀ ಹಠಯೋಗ ಮಾಡುವವರ ಶ್ರಮಕ್ಕೆ ಫಲವಿಲ್ಲ ಅಂತ ನಾಲ್ಕನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ.